ದೀಪಗಾರ್ತಿಯ ತಂಗಿ

ಸ್ವೆಟರಿನ ಎಡತೋಳಿನೊಳಗೆ ಅಕ್ಕನ ಕೈ ಹೋಗಲೊಲ್ಲದು. ತಂಗಿ ಬೆರಳುಗಳನ್ನು ಕೂಡಿಸಿ ಹಿಡಿದು ತೂರಿಸಿ ನೋಡಿದಳು. ತೋಳನ್ನು ಸುತ್ತಿ ಗಿಡ್ಡ ಮಾಡಿಕೊಂಡು ಮೆಲ್ಲಗೆ ಏರಿಸಿ ನೋಡಿದಳು. ಮೊಣಕೈ ಮಡಚಲಿಲ್ಲ. ಹೋಟೆಲಿನ ಲಾಂಡ್ರಿಯಲ್ಲಿ ದಿನಾ ರಾಶಿ ರಾಶಿ ಬಟ್ಟೆ ಮಡಚಿ ಪಳಗಿದ ಕೈ ಅವಳದು. ಬಟ್ಟೆಯೊಂದು ಅವಳ ಮಾತು ಕೇಳದಿದ್ದದ್ದು ಇದೇ ಮೊದಲು.

“ಹಿಂದುಗಡೆ ಕತ್ತರಿಸಿಬಿಡಿ ಅಮ್ಮಾ,” ಎಂದಳು ಶವಾಗಾರದ ಕೆಲಸದವಳು. “ಎಲ್ಲರೂ ಹಾಗೇ ಮಾಡೋದು. ಮುಂದಿನಿಂದ ಏನೂ ಗೊತ್ತಾಗಲ್ಲ.”

“ಬೇಡ. ಅವಳಿಗೆ ಗೊತ್ತಾಗುತ್ತೆ.”

ಬಾಯಿಂದ ಮಾತು ಜಾರಿದ ಮೇಲೆ ತಂಗಿಗೇ ಮುಜುಗರವಾಯಿತು. ಕೆಲಸದವಳು ನಗಲಿಲ್ಲ. ಮೇಜಿನ ಆ ಬದಿಗೆ ಹೋಗಿ ಹೆಗಲನ್ನು ಎತ್ತಿ ಹಿಡಿದಳು. ಇಬ್ಬರೂ ಸೇರಿ ಎಳೆದ ಮೇಲೆ ತೋಳು ಏರಿತು.

ಬಾಗಿಲಲ್ಲಿ ಅಣ್ಣ ಇಣುಕಿದ. ಬೆಳಗಿನ ರೈಲಿಗೆ ಬಂದಿದ್ದವನು ಇನ್ನೂ ಮುಖ ತೊಳೆದಿರಲಿಲ್ಲ. “ಆಯ್ತೇನೇ? ನಮ್ಮ ಸರದಿ ತಪ್ಪಿದರೆ ಮತ್ತೆ ಸಂಜೆಗೇ ಅಂತೆ.”

“ಆಯ್ತಣ್ಣ.”

ಚಿತಾಗಾರದ ಸಭಾಂಗಣ ಸಣ್ಣದು. ಬಿಳಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ತಗುಲಿಸಿದ ಫ್ಯಾನು, ಮೂಲೆಯಲ್ಲಿ ನೀರಿನ ಕ್ಯಾನು. ಹಿಂದಿನ ಸರದಿಯ ಮನೆಯವರು ಬಿಟ್ಟುಹೋದ ಹೂವಿನ ಎಸಳುಗಳನ್ನು ಒಬ್ಬ ಗುಡಿಸುತ್ತಿದ್ದ. ಅಕ್ಕ ಕೆಲಸ ಮಾಡುತ್ತಿದ್ದ ಹಲ್ಲಿನ ಲ್ಯಾಬಿನ ಮಾಲೀಕ ಆಗಲೇ ಬಂದು, ಹೂವಿಟ್ಟು, “ಅಂಥ ಹಲ್ಲು ಕೂರಿಸೋರು ಇನ್ನು ಸಿಗಲ್ಲ” ಎಂದು ಹೇಳಿ ಹೊರಟುಹೋಗಿದ್ದ. ಅಕ್ಕನ ಜೀವಮಾನವೆಲ್ಲ ಕಟ್ಟುಹಲ್ಲು ತಯಾರಿಸುವುದರಲ್ಲೇ ಕಳೆದಿತ್ತು. ಬಸ್ಸಿನಲ್ಲಿ ಯಾರಾದರೂ ಮುದುಕರು ಬಾಯಿ ತುಂಬ ನಕ್ಕರೆ ತಂಗಿಯ ಕಿವಿಯಲ್ಲಿ, “ನೋಡು, ಆ ನಗು ನಂದು” ಎನ್ನುತ್ತಿದ್ದಳು.

ಅಣ್ಣ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಹಿರಿಯನಾದವನು ನಾಲ್ಕು ಮಾತಾಡಬೇಕೆಂದು ಅಲ್ಲಿಯ ಸಿಬ್ಬಂದಿ ಹೇಳಿದ್ದರು.

“ನನ್ನ ತಂಗಿ... ಚಿಕ್ಕವಳಿದ್ದಾಗ ಭಾರೀ ಹಟಮಾರಿ. ಹಿಡಿದ ಪಟ್ಟು ಬಿಡ್ತಿರಲಿಲ್ಲ. ಆಮೇಲೆ ಕೆಲಸಕ್ಕೆ ಸೇರಿದಳು. ಕೆಲಸ ಚೆನ್ನಾಗಿ ಮಾಡ್ತಿದ್ದಳು. ಆಮೇಲೆ...”

ಆಮೇಲೆ ಏನು ಎಂದು ಅವನಿಗೆ ತೋಚಲಿಲ್ಲ. ಬೋಳು ನೆಲವನ್ನು ನೋಡಿದ. “ಅಷ್ಟೆ,” ಎಂದು ಕೂತುಬಿಟ್ಟ.

ಆ ನಿಶ್ಶಬ್ದದಲ್ಲಿ ಕೊನೆಯ ಸಾಲಿನ ಪಿಸುಮಾತು ಎಲ್ಲರಿಗೂ ಕೇಳಿಸಿತು.

“ಅವಳೇ ದೀಪ ಆರಿಸಿದ್ದು ರೀ. ಕೈ ಸ್ವಿಚ್ಚಿನ ಮೇಲಿತ್ತು ಅಂತ ಸ್ಪಷ್ಟವಾಗಿದೆ.”

“ಕೈ ಇಟ್ಟ ಮಾತ್ರಕ್ಕೆ ಆರಿಸಿದಂಗಾ ಮೇಷ್ಟ್ರೇ? ಯಂತ್ರ ಅಂದಮೇಲೆ ಕೆಡುತ್ತೆ. ನನ್ನ ಇಡೀ ಹೊಟ್ಟೆಪಾಡೇ ಅದು.”

“ಇಬ್ಬರೂ ಬಾಯಿ ಮುಚ್ಚಿ. ಬರೆದವನು ಮರೆತ, ಕತೆ ಕೆಟ್ಟಿತು. ಇಷ್ಟೇ ಇರೋದು.”

ಅಣ್ಣ ಹಿಂದಿರುಗಿ ನೋಡಿದ. ಸಾಯಬಾರದಿತ್ತು, ಹಾಗೆ ಆಗಬಾರದಿತ್ತು ಎಂದು ಅಳುವವರ ನಡುವೆ ಇದೆಂಥ ಪಂಚಾಯಿತಿ ಎಂದು ಅವನ ಮುಖ ಕೆಂಪಾಯಿತು.

“ಯಾರೇ ಅವರು?”

“ಭಾನುವಾರದವರು,” ಎಂದಳು ತಂಗಿ.

*

ಗಂಡನ ಮನೆಯ ಸಹವಾಸ ಸಾಕೆಂದು ಒಂದು ಸೂಟ್‌ಕೇಸಿನೊಂದಿಗೆ ತಂಗಿ ಅಕ್ಕನ ಮನೆಗೆ ಬಂದ ದಿನವೂ ಭಾನುವಾರವೇ ಆಗಿತ್ತು. ಬಾಗಿಲು ತೆರೆದವರು ಯಾರೋ ಮೇಷ್ಟ್ರು. ಒಳಗೆ ನೆಲದ ತುಂಬ ಹಳೆಯ ಪುಸ್ತಕ, ನಡುವೆ ಟೀ ಲೋಟ, ಕೂಗಾಟ. ಅಕ್ಕ ಅವಳ ಸೂಟ್‌ಕೇಸನ್ನು ಒಳಗೆಳೆದುಕೊಂಡು, “ಕೂತ್ಕೋ, ಇದೊಂದು ಇತ್ಯರ್ಥ ಆಗಲಿ, ನಿನ್ನದು ಆಮೇಲೆ ಕೇಳ್ತೀನಿ” ಅಂದಿದ್ದಳು.

ಅದು ಇತ್ಯರ್ಥವಾಗಲೇ ಇಲ್ಲ.

ಪುಸ್ತಕಗಳ ಹೆಸರು ‘ನೀಲಿಗಡಿ’. ಒಬ್ಬರು ಬರೆದದ್ದಲ್ಲ. ಒಂದೇ ಲೋಕವನ್ನು ಹಂಚಿಕೊಂಡು ಒಬ್ಬರಾದ ಮೇಲೆ ಒಬ್ಬರು ಬರೆದುಕೊಂಡು ಹೋದ ಕಾದಂಬರಿಗಳು. ನಕ್ಷತ್ರಗಳ ಆಚೆಗೊಂದು ಗಡಿ. ಗಡಿ ದಾಟಿದ ಹಡಗುಗಳಿಗೆ ದಾರಿ ತೋರಿಸಲು ಅಲ್ಲೊಂದು ಠಾಣೆ, ಠಾಣೆಯಲ್ಲೊಂದು ದೀಪ, ಅದನ್ನು ಕಾಯಲು ಒಬ್ಬಳೇ ಒಬ್ಬ ದೀಪಗಾರ್ತಿ. ಅವಳು ಬರುವ ಕೊನೆಯ ಪುಸ್ತಕದಲ್ಲಿ, ಯಾವ ಕಾಲದಲ್ಲೋ ಕಳೆದುಹೋದ ಹಡಗೊಂದು ಮರಳಿ ಬರುತ್ತಿದೆ ಎಂದು ಸುದ್ದಿ ಬರುತ್ತದೆ. ಅವಳು ಸ್ವಿಚ್ಚಿನ ಮೇಲೆ ಕೈ ಇಡುತ್ತಾಳೆ. ಅಲ್ಲಿಗೆ ಆ ಪುಸ್ತಕ ಮುಗಿಯುತ್ತದೆ. ಮುಂದಿನ ಲೇಖಕ ಎಲ್ಲೋ ಬೇರೆ ಗ್ರಹದಲ್ಲಿ ಯುದ್ಧ ಶುರುಮಾಡಿದ. ಅದರ ಮುಂದಿನವಳು ಬರೆದ ಪುಸ್ತಕದಲ್ಲಿ ಒಂದೇ ಒಂದು ಸಾಲು: ದೀಪ ಆರಿತ್ತು, ಠಾಣೆಯಲ್ಲಿ ಯಾರೂ ಇರಲಿಲ್ಲ. ಅಷ್ಟರಲ್ಲಿ ಪ್ರಕಾಶನದವರು ಬಾಗಿಲು ಹಾಕಿದರು. ಲೇಖಕರು ಅವರವರ ಪಾಡಿಗೆ ಹೋದರು. ಜಗಳ ಮಾತ್ರ ಓದುಗರ ಪಾಲಿಗೆ ಉಳಿಯಿತು.

ಹಡಗಿನಲ್ಲಿ ರೋಗವಿತ್ತು, ಅದಕ್ಕೆ ಅವಳೇ ದೀಪ ಆರಿಸಿದಳು ಎನ್ನುವುದು ಗಣಿತದ ಮೇಷ್ಟ್ರ ವಾದ. ಲಿಫ್ಟ್ ರಿಪೇರಿಯವನ ಪ್ರಕಾರ ಯಂತ್ರ ಕೆಟ್ಟಿತು. ಎದುರಿನವರ ಮಾತನ್ನು ಅರ್ಧಕ್ಕೇ ತುಂಡರಿಸುವ ದರ್ಜಿ ಹೆಂಗಸನ್ನು ಎಲ್ಲರೂ ‘ಕತ್ತರಿ’ ಎಂದೇ ಕರೆಯುತ್ತಿದ್ದರು. ಲೇಖಕರಿಗೆ ಮರೆವು ಎನ್ನುವುದು ಅವಳ ತೀರ್ಪು. ಅಕ್ಕ ಮಾತ್ರ, ದೀಪಗಾರ್ತಿ ಆ ಹಡಗು ಹತ್ತಿ ಹೊರಟುಹೋದಳು ಅನ್ನುತ್ತಿದ್ದಳು. ಯಾರು ಏನೇ ಹೇಳಲಿ, ಪುಸ್ತಕದಿಂದ ಸಾಕ್ಷಿ ತೋರಿಸಬೇಕು. ಸಾಕ್ಷಿ ಇಲ್ಲದ ಮಾತಿಗೆ ಆ ಮನೆಯಲ್ಲಿ ಚಹಾ ಕೂಡ ಸಿಗುತ್ತಿರಲಿಲ್ಲ.

ತಂಗಿ ಅಡುಗೆಮನೆಯ ಬಾಗಿಲು ಎಳೆದುಕೊಂಡು ಪಾತ್ರೆ ತೊಳೆಯುತ್ತಿದ್ದಳು. “ಇರೋ ಜನರ ಪಂಚಾಯಿತಿಯೇ ಮುಗಿಯಲ್ಲ, ಇಲ್ಲದವರ ಉಸಾಬರಿ ಯಾಕೆ?” ಎಂದು ಒಮ್ಮೆ ಕೇಳಿದ್ದಳು.

“ಇರೋರಿಗೆ ಅವರವರೇ ಇರ್ತಾರಲ್ಲ,” ಎಂದಿದ್ದಳು ಅಕ್ಕ.

*

ಅಕ್ಕನಿದ್ದ ಪೆಟ್ಟಿಗೆ ಒಳಗೆ ಹೋಯಿತು. ತಗಡಿನ ಬಾಗಿಲು ಮುಚ್ಚಿತು. ಕಾಯಬೇಕು ಎಂದರು. ಕಾಯುವ ಕೋಣೆಯಲ್ಲಿ ಯಂತ್ರದ ಚಹಾ, ಸಪ್ಪೆ ಬಿಸ್ಕತ್ತು. ದೂರದ ನೆಂಟರು ಗಡಿಯಾರ ನೋಡಿಕೊಂಡು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕೊನೆಗೆ ಉಳಿದವರು ಅಣ್ಣ, ತಂಗಿ, ಭಾನುವಾರದ ಮೂವರು.

ಮೂವರಿಗೂ ಎದುರು ಬಂದು ಸಮಾಧಾನದ ಮಾತು ಹೇಳಲು ಬರಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. ಲಿಫ್ಟಿನವನು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬಿದ್ದದ್ದನ್ನು ನೋಡುತ್ತ ಕೂತ. ಆಮೇಲೆ ತಡೆಯಲಾರದೆ, “ಫ್ಯೂಸ್ ಹೋಗಿತ್ತು ಅಂದುಕೊಳ್ಳಿ...” ಎಂದು ಶುರುಮಾಡಿದ.

ಅಣ್ಣ ಎದ್ದೇಬಿಟ್ಟ. “ಸ್ವಾಮಿ, ಒಳಗೆ ಹೆಣ ಸುಡ್ತಾ ಇದೆ. ಹೊರಗೆ ನೀವು ಕತೆಪುಸ್ತಕದ ಜಗಳ ಆಡ್ತೀರಲ್ಲ, ಮಾನ ಮರ್ಯಾದೆ ಇದೆಯಾ?”

ಲಿಫ್ಟಿನವನು ತಲೆ ತಗ್ಗಿಸಿದ. “ತಪ್ಪಾಯ್ತು,” ಎಂದರು ಮೇಷ್ಟ್ರು. “ನಮಗೆ ಅವರ ಜೊತೆ ಬೇರೆ ಮಾತು ಗೊತ್ತಿಲ್ಲ. ಹೊರಡ್ತೀವಿ.”

ಮೂವರೂ ಚೀಲ ಎತ್ತಿಕೊಂಡರು. ತಂಗಿ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು:

“ಅವಳಿಗೊಬ್ಬ ತಂಗಿ ಇದ್ದಳು.”

“ಯಾರಿಗೆ?” ಎಂದ ಅಣ್ಣ.

“ದೀಪಗಾರ್ತಿಗೆ.”

ಬಾಗಿಲ ತನಕ ಹೋಗಿದ್ದ ಮೇಷ್ಟ್ರು ನಿಂತರು. ಅವರ ಬಾಯಿಂದ ಅಭ್ಯಾಸಬಲದಿಂದ ಬಂದದ್ದು ಒಂದೇ ಮಾತು. “ಸಾಕ್ಷಿ?”

*

ಕಾಯಿಲೆ ಅಕ್ಕನ ಕಣ್ಣಿಗೆ ಇಳಿದ ಮೇಲೆ ಓದುವುದು ತಂಗಿಯ ಪಾಲಿಗೆ ಬಂದಿತ್ತು. ಲಾಂಡ್ರಿಯಿಂದ ಬಂದು, ಗಂಜಿ ಕುಡಿಸಿ, ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಓದುವಳು. ಮೊದಮೊದಲು ಅವಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಗ್ರಹಗಳ ಹೆಸರು ತಪ್ಪಾದರೆ ಅಕ್ಕ ಕಣ್ಣು ಮುಚ್ಚಿಕೊಂಡೇ ತಿದ್ದುವಳು. ಬರಬರುತ್ತ ತಂಗಿಗೆ ಕೆಲಸದ ನಡುವೆ, ಹಬೆಯ ಯಂತ್ರದ ಮುಂದೆ ನಿಂತಾಗ, ಆ ಹಡಗು ಈಗ ಎಲ್ಲಿ ತಲುಪಿರಬಹುದು ಎಂಬ ಯೋಚನೆ ಬರತೊಡಗಿತು.

ಕೊನೆಯ ಪುಸ್ತಕದ ಕೊನೆಯ ಪುಟ ಬಂದ ಸಂಜೆ ಅಕ್ಕನಿಗೆ ನೋವು ಜಾಸ್ತಿಯಿತ್ತು. “ಮುಂದೆ ಓದು,” ಎಂದಳು.

ಮುಂದೆ ಪುಟವಿರಲಿಲ್ಲ. ತಂಗಿ ರಟ್ಟಿನ ಒಳಬದಿಯ ಖಾಲಿ ಜಾಗವನ್ನು ನೋಡುತ್ತ ಓದುವ ದನಿಯಲ್ಲೇ ಮುಂದುವರಿಸಿದಳು. ಸಾಮಾನು ತರುವ ದೋಣಿಯಲ್ಲಿ ಒಬ್ಬ ಹೆಂಗಸು ಠಾಣೆಗೆ ಬಂದಳು. ದೀಪಗಾರ್ತಿ ಬಾಗಿಲು ತೆರೆದಳು. ಬಂದವಳು, ‘ಅಕ್ಕಾ, ಸಾಕು, ಮನೆಗೆ ಹೋಗೋಣ ನಡಿ’ ಎಂದಳು. ಹಡಗು ದಡ ಸೇರುವವರೆಗೆ ಇಬ್ಬರೂ ಕಾದರು. ಆಮೇಲೆ ದೀಪ ಆರಿಸಿ ಹೊರಟರು.

ಅಕ್ಕ ಮುಖವನ್ನು ಅವಳ ಕಡೆ ತಿರುಗಿಸಿದಳು. “ಇದನ್ನ ಯಾರು ಬರೆದದ್ದು?”

“ಇದರಲ್ಲೇ ಇದೆ.”

“ಸುಳ್ಳಿ. ಅವಳಿಗೆ ತಂಗಿ ಎಲ್ಲಿದ್ದಳು?”

“ಇದ್ದಳು. ಯಾರೂ ಬರೆಯಲಿಲ್ಲ, ಅಷ್ಟೆ.”

“ಸಾಕ್ಷಿ ಕೊಡು. ನಿನ್ನ ಹತ್ತಿರ ಸಾಕ್ಷಿ ಇಲ್ಲ. ಅವಳು ಒಂಟಿ ಹೆಂಗಸು. ಹಾಗೆಲ್ಲ ಯಾರೋ ಬಂದು ಕರೆದರು ಅಂತ ಹೋಗೋಳಲ್ಲ ಅವಳು.”

“ಯಾರೋ ಅಲ್ಲ. ತಂಗಿ.”

“ತಂಗಿಯಾದರೇನು?”

ತಂಗಿಗೆ ಸಿಟ್ಟು ನೆತ್ತಿಗೇರಿತು. ಕಾಯಿಲೆಯವಳ ಎದುರು ಪುಸ್ತಕವನ್ನು ಟಪ್ಪೆಂದು ಮುಚ್ಚಿ ಎದ್ದು ಹೋದಳು. ಅಡುಗೆಮನೆಯಲ್ಲಿ ನಿಂತು ಅತ್ತಳು. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಜೋರು ಜಗಳವಾಗಿತ್ತು. ಅಕ್ಕನ ಮುಖದಲ್ಲಿ ಮಾತ್ರ ಆ ಸಂಜೆ ಒಂದಿಷ್ಟು ರಂಗು ಬಂದಿತ್ತು.

ಮರುದಿನ ಮೈ ಒರೆಸುತ್ತಿರುವಾಗ ಅಕ್ಕ ಇದ್ದಕ್ಕಿದ್ದಂತೆ ಅವಳ ಮಣಿಕಟ್ಟು ಹಿಡಿದಳು.

“ಲೋಟ,” ಎಂದಳು.

“ನೀರು ಬೇಕಾ?”

“ಅಲ್ಲ ಕಣೇ. ದೀಪಗಾರ್ತಿ ಮೊದಲು ಬರ್ತಾಳಲ್ಲ, ಆ ಪುಸ್ತಕ. ಠಾಣೆಯ ಹಲಗೆ ಮೇಲೆ ತಗಡಿನ ಲೋಟ ಬೋರಲು ಹಾಕಿವೆ. ಎರಡು. ಒಂಟಿ ಹೆಂಗಸಿಗೆ ಎರಡು ಲೋಟ ಯಾಕೆ? ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.” ಅವಳಿಗೆ ಏದುಸಿರು ಬರುತ್ತಿತ್ತು. “ಹೋಗಲಿ, ಇದ್ದಳು. ಒಪ್ಪಿದೆ.”

*

“ಎರಡು ಲೋಟ,” ಎಂದರು ಮೇಷ್ಟ್ರು. ಚೀಲ ಕೆಳಗಿಟ್ಟು ಕೂತರು.

“ಲೋಟ ಇದ್ದರೆ ತಂಗಿ ಇದ್ದಾಳೆ ಅಂತಾನಾ?” ಕತ್ತರಿ ಬಾಯಿ ಹಾಕಿದಳು. “ಒಂದು ಒಡೆದರೆ ಇರಲಿ ಅಂತ ಇನ್ನೊಂದು ಇಟ್ಟಿರ್ತಾಳೆ.”

“ತಗಡಿನ ಲೋಟ ಒಡೆಯುತ್ತಾ?” ಎಂದಳು ತಂಗಿ.

ಲಿಫ್ಟಿನವನು ತೊಡೆ ತಟ್ಟಿ ನಕ್ಕುಬಿಟ್ಟ. ಅಣ್ಣನ ಕಡೆ ನೋಡಿ ನಗು ನುಂಗಿದ.

“ಸಾಮಾನು ದೋಣಿಯವನು ಬಂದರೆ ಚಹಾ ಕೊಡೋಕೆ ಇರಬಹುದು,” ಎಂದಳು ಕತ್ತರಿ, ಸೋಲೊಪ್ಪದೆ.

“ದೋಣಿಯವನು ಇಳಿಯೋದೇ ಇಲ್ಲ. ಮೇಲಿಂದಲೇ ಸಾಮಾನು ಬಿಟ್ಟು ಹೋಗ್ತಾನೆ.”

“ಅದು ಮುಂದಿನ ಪುಸ್ತಕದಲ್ಲಿ. ಬೇರೆಯವರು ಬರೆದದ್ದು. ಅದು ಲೆಕ್ಕಕ್ಕಿಲ್ಲ.”

“ಯಾಕೆ ಲೆಕ್ಕಕ್ಕಿಲ್ಲ? ನಿಮಗೆ ಬೇಕಾದಾಗ ಲೆಕ್ಕಕ್ಕೆ, ಬೇಡದಾಗ ಇಲ್ವಾ?” ತಂಗಿಯ ದನಿ ಏರಿತ್ತು. ಬೆಳಗಿನಿಂದ ಎಲ್ಲರೂ ಅವಳೊಂದಿಗೆ ಮೆಲ್ಲಗೆ, ಗಾಜಿನ ಸಾಮಾನು ಮುಟ್ಟಿದಂತೆ ಮಾತಾಡಿದ್ದರು. ಎದುರು ಮಾತಾಡುತ್ತಿದ್ದವರು ಇವರು ಮಾತ್ರ.

ಮೇಷ್ಟ್ರು ಯೋಚಿಸಿ ಕೇಳಿದರು. “ತಂಗಿ ಇದ್ದಳು ಅಂತಲೇ ಇಟ್ಟುಕೊಳ್ಳೋಣ. ಹಾಗಿದ್ದರೆ ಅಷ್ಟು ಕಾಲ ಯಾಕೆ ಬರಲಿಲ್ಲ ಅವಳು?”

ತಂಗಿ ಕೈಯಲ್ಲಿದ್ದ ಕಾಗದದ ಲೋಟವನ್ನು ತಿರುಗಿಸಿದಳು.

“ದೂರ ಇತ್ತು,” ಎಂದಳು ಕೊನೆಗೆ. “ಕೆಲಸವೂ ಇತ್ತು ಅವಳಿಗೆ.”

ಯಾರೂ ಸಾಕ್ಷಿ ಕೇಳಲಿಲ್ಲ.

ಒಳಗಿನಿಂದ ಒಬ್ಬ ಬಂದು ಬೂದಿಯ ಡಬ್ಬಿಯನ್ನು ಅಣ್ಣನ ಕೈಗೆ ಕೊಟ್ಟ. ಇನ್ನೂ ಬೆಚ್ಚಗಿತ್ತು. ಅಣ್ಣ ಅದನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಹೊಟ್ಟೆಗೆ ಒತ್ತಿಕೊಂಡ.

ಹೊರಗೆ ಬಾಡಿಗೆ ವ್ಯಾನು ನಿಂತಿತ್ತು. ಭಾನುವಾರದವರು ಬಸ್ಸಿಗೆ ಹೋಗುತ್ತೇವೆಂದರು. “ಹತ್ತಿ ಹತ್ತಿ,” ಎಂದ ಅಣ್ಣ, ಯಾರ ಮುಖವನ್ನೂ ನೋಡದೆ. “ಜಾಗ ಇದೆ.” ತಾನು ಡ್ರೈವರ್ ಪಕ್ಕ ಕೂತ. ಮೊದಲು ಅವನನ್ನು ರೈಲು ನಿಲ್ದಾಣಕ್ಕೆ ಬಿಡುವುದು, ಆಮೇಲೆ ಉಳಿದವರದ್ದು ಎಂದು ಮಾತಾಯಿತು.

ವ್ಯಾನು ರಸ್ತೆಗಿಳಿಯುವ ಮೊದಲೇ ಹಿಂದೆ ವಾದ ಮತ್ತೆ ಹೊತ್ತಿಕೊಂಡಿತು. ಹಡಗು ದಡ ಸೇರಿದ ಮೇಲೆ ದೀಪ ಆರಿಸಿದರೋ, ಸೇರುವ ಮೊದಲೋ. ಮೊದಲಾದರೆ ತಂಗಿ ಕೊಲೆಗಾರ್ತಿ ಎಂದಳು ಕತ್ತರಿ. “ನೀವು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ, ನಾನು ಹೇಳಿದ್ದು...” ಎಂದು ತಂಗಿ ಶುರುಮಾಡಿದಳು. ಮಾತು ಅಲ್ಲೇ ನಿಂತಿತು. ನಿದ್ದೆ ಹತ್ತಿ ಅವಳ ತಲೆ ಕತ್ತರಿಯ ಹೆಗಲಿಗೆ ವಾಲಿತ್ತು.

ಮೂವರೂ ತಟ್ಟನೆ ಸುಮ್ಮನಾದರು. ಆ ಮೌನಕ್ಕೆ ತಂಗಿಯ ರೆಪ್ಪೆ ಅದುರಿತು, ಕೈ ಏನನ್ನೋ ತಡಕಾಡಿತು. “ಗುಳಿಗೆ ಹೊತ್ತಾಯ್ತಾ?” ಎಂದು ಗೊಣಗಿದಳು. ಮೇಷ್ಟ್ರು ಗಾಬರಿಯಿಂದ, “ರೋಗ ಇದ್ದ ಹಡಗು ಅಂತ ನಾನು ಹೇಳ್ತಾ ಬಂದಿದ್ದೀನಲ್ಲ...” ಎಂದು ತೆಗೆದರು. ಕೈ ಮತ್ತೆ ಮಡಿಲಿಗೆ ಬಿತ್ತು.

ನಿಲ್ದಾಣದ ಎದುರು ಡ್ರೈವರ್ ಬ್ರೇಕಿನ ಮೇಲೆ ಕಾಲಿಟ್ಟ. ಅಣ್ಣ ಹಿಂದಿರುಗಿ ನೋಡಿದ. ತಂಗಿಯ ತೆರೆದ ಬಾಯಿ, ನೆರೆತ ಕೂದಲು, ಒದ್ದೆ ಕಾಗದದಂತೆ ಕುಸಿದ ಮುಖ.

“ಇನ್ನೊಂದು ಸುತ್ತು ಹೋಗಿ,” ಎಂದ.

“ನಿಮ್ಮ ರೈಲು ಸಾರ್?”

“ಹೋಗಿ.”

ಎರಡನೆಯ ಸಲ ನಿಲ್ದಾಣ ಹಿಂದೆ ಸರಿಯುವಷ್ಟರಲ್ಲಿ ಹಿಂದಿನವರ ವಾದವೆಲ್ಲ ತೀರಿತ್ತು. ಎಲ್ಲರಿಗೂ ಗಂಟಲು ಒಣಗಿತ್ತು. ಮಾತು ನಿಂತದ್ದೇ ತಂಗಿ ನಿದ್ದೆಯಲ್ಲಿ ಮಿಸುಕಿದಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಣ್ಣ ಡಬ್ಬಿಯನ್ನು ಮಡಿಲಲ್ಲಿ ಭದ್ರಮಾಡಿಕೊಂಡು ಸೀಟಿನ ಮೇಲಿಂದ ಬಾಗಿದ.

“ಆ ಹಡಗು ಅಂದಿರಲ್ಲ,” ಎಂದು ಮೆಲುದನಿಯಲ್ಲಿ ಕೇಳಿದ, “ಅದರಲ್ಲಿ ಯಾರ್ಯಾರಿದ್ದರು? ಮೊದಲಿಂದ ಹೇಳಿ.”

ಲಿಫ್ಟಿನವನು ಎರಡೂ ಕೈಯೆತ್ತಿ ಗಾಳಿಯಲ್ಲಿ ಹಡಗಿನ ಉದ್ದ ಅಳೆದು ತೋರಿಸಿದ.