ರುಚಿ ನೋಡಿದ್ದು ಲೆಕ್ಕಕ್ಕಿಲ್ಲ

ನನ್ನ ಭಾವ ಮೂವತ್ತೊಂದು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿದವರು. ನಿವೃತ್ತರಾದ ಮೇಲೆ ಓದಲು ಬೇರೆ ಏನೂ ಸಿಗದೆ ನನ್ನನ್ನು ಓದಲು ಶುರುಮಾಡಿದರು. ನಾನಿರುವುದು ಅವರ ಮನೆಯ ಮಹಡಿ ಕೋಣೆಯಲ್ಲಿ. ಮದುವೆಯಾಗಿಲ್ಲ. ಹಗಲಿಡೀ ಬೂಟು ಹೊಲಿಯುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇನ್ನೂರನಲವತ್ತು ಜನಕ್ಕೆ ಅಡುಗೆ ಮಾಡುತ್ತೇನೆ, ಸಂಜೆ ಅಕ್ಕನ ಹತ್ತಿರ ಬೈಸಿಕೊಳ್ಳುತ್ತೇನೆ.

ಮೂರು ವರ್ಷದಿಂದ ನನಗೆ ಮೈಯೆಲ್ಲ ನೋವು. ಎಲ್ಲಿ ನೋವು ಅಂತ ಕೇಳುವವರಿಗೆ, ಎಲ್ಲಿ ಇಲ್ಲ ಅಂತ ಹೇಳುವುದೇ ಸುಲಭ. ಬೆಳಿಗ್ಗೆ ಎದ್ದರೆ ಹಿಂದಿನ ದಿನ ಮನೆ ಖಾಲಿ ಮಾಡಿ ಸಾಮಾನೆಲ್ಲ ಒಬ್ಬನೇ ಹೊತ್ತು ಹಾಕಿದ ಹಾಗಿರುತ್ತದೆ. ರಕ್ತ ಪರೀಕ್ಷೆ ಸರಿ, ಎಕ್ಸ್-ರೇ ಸರಿ, ನಾನೊಬ್ಬನೇ ಸರಿಯಿಲ್ಲ. ನೋಡುವವರ ಕಣ್ಣಿಗೆ ಗುಂಡುಕಲ್ಲಿನ ಹಾಗಿದ್ದೇನೆ. ಅದಕ್ಕೇ ಕ್ಯಾಂಟೀನಿನಲ್ಲಿ ಯಾರಿಗೂ ಬಾಯಿಬಿಡಲಿಲ್ಲ. ಕೊನೆಗೊಬ್ಬರು ಡಾಕ್ಟರಮ್ಮ ಮೈಯೆಲ್ಲ ಒತ್ತಿ ನೋಡಿ, ಗಂಟೆಗಟ್ಟಲೆ ಕೇಳಿ, ಇದಕ್ಕೆ ಫೈಬ್ರೊಮಯಾಲ್ಜಿಯಾ ಅಂತಾರೆ ಅಂದರು. ಕಾಯಿಲೆಗೆ ಹೆಸರು ಸಿಕ್ಕಿತಲ್ಲ ಅನ್ನುವ ಖುಷಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

"ಇದನ್ನ ತಿಂದ್ರೆ ವಾಸಿ ಆಗುತ್ತೆ, ಅದನ್ನ ಬಿಟ್ರೆ ವಾಸಿ ಆಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ" ಅಂದರು ಡಾಕ್ಟರಮ್ಮ. "ಆದ್ರೆ ಯಾವುದರಿಂದ ನಿದ್ದೆ ಕೆಡುತ್ತೆ, ಯಾವುದನ್ನ ತಿಂದ ಮಾರನೇ ದಿನ ನೋವು ಜಾಸ್ತಿ ಅಂತ ಗಮನಿಸಬಹುದು. ಈಗ ನುಂಗ್ತಿರೋ ಮಾತ್ರೆ ನಿಲ್ಲಿಸಬೇಡಿ. ಸ್ವಲ್ಪ ಸ್ವಲ್ಪ ನಡೀರಿ. ಕಾಫಿ ಬಿಡಿ, ಕರಿದದ್ದು, ಸಿಹಿ ಕಡಿಮೆ ಮಾಡಿ, ಕಾಳು ಸೊಪ್ಪು ಜಾಸ್ತಿ ತಿನ್ನಿ. ಆರು ವಾರ ಬಾಯಿಗೆ ಹೋಗಿದ್ದೆಲ್ಲ ಬರೀರಿ, ನೋಡೋಣ."

ಆ ಆರು ವಾರ ನನಗೂ ಬೇಕಿತ್ತು. ಒಂದು ದಿನ ಇಪ್ಪತ್ತು ಲೀಟರಿನ ಪಾತ್ರೆ ಇಳಿಸಲಾಗದೆ ನಾನು ಒಲೆಗೆ ಒರಗಿ ನಿಂತದ್ದನ್ನು ಮ್ಯಾನೇಜರ್ ನೋಡಿದ್ದರು. ಸೊಂಟ ಹಿಡಿದಿದೆ ಅಂತ ಸುಳ್ಳು ಹೇಳಿದೆ. "ಆಗಲ್ಲ ಅಂದ್ರೆ ಉಗ್ರಾಣ ನೋಡ್ಕೊಳ್ಳಿ, ಅದೇ ಸಂಬಳ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆದರೆ ಒಲೆ ಬಿಟ್ಟು ಮೂಟೆ ಎಣಿಸುತ್ತಾ ಕೂರುವುದನ್ನು ನೆನೆದರೆ ನನಗೆ ಎದೆ ಒಡೆಯುತ್ತಿತ್ತು. ಆರು ವಾರ ಕಾಲಾವಕಾಶ ಕೇಳಿ, ಆಮೇಲೆ ನೀವು ಹೇಳಿದ ಹಾಗೆ ಅಂದೆ.

ನೋಟ್‌ಬುಕ್ ಚೊಕ್ಕವಾಗಿ ಬರೆದೆ. ಬೆಳಿಗ್ಗೆ ಎರಡು ಚೂರು ಬ್ರೆಡ್, ಒಂದು ಮೊಟ್ಟೆ. ಮಧ್ಯಾಹ್ನ ಬೇಯಿಸಿದ ಕಾಳು, ಸೊಪ್ಪು. ಕಾಫಿ ಸೊನ್ನೆ. ನಾಲ್ಕು ವಾರವಾದರೂ ನಿದ್ದೆ ಮೂರು ಗಂಟೆ ದಾಟಲಿಲ್ಲ. ಹತ್ತಕ್ಕೆ ಎಷ್ಟು ನೋವು ಅನ್ನುವ ಕಡೆ ಎಂಟು, ಎಂಟು, ಒಂಬತ್ತು, ಎಂಟು. ಸೊಪ್ಪು ತಿಂದು ತಿಂದು ಮೇಕೆಯಾಗುವುದೊಂದು ಬಾಕಿ ಅಂತ ಅಕ್ಕನ ಮುಂದೆ ಕೂಗಾಡಿದೆ.

ಭಾವ ಕನ್ನಡಕ ಏರಿಸಿ ನೋಟ್‌ಬುಕ್ ಓದಿದರು. ಮೊದಲ ಪುಟದಿಂದ ಕೊನೆವರೆಗೂ ಓದಿದರು.

"ದೀಪ ಉರೀತಿದೆ, ಮೀಟರ್ ತಿರುಗ್ತಿಲ್ಲ ಅಂದ್ರೆ ಏನರ್ಥ ಗೊತ್ತೇನಯ್ಯ? ಎಲ್ಲೋ ಒಂದು ಕಳ್ಳ ವೈರ್ ಎಳೆದಿದ್ದಾರೆ ಅಂತ."

"ನಾನು ಕದ್ದು ತಿಂತೀನಿ ಅಂತಾನಾ ಭಾವ?"

"ನಾನು ವೈರ್ ಅಂದೆ. ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?"

ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಮಹಾಶಯರು ಕ್ಯಾಂಟೀನಿನ ಅಡುಗೆಮನೆಯಲ್ಲಿ ಹಾಜರ್. ಮ್ಯಾನೇಜರ್ ಹತ್ತಿರ ಅದೇನು ಹೇಳಿ ಒಪ್ಪಿಸಿದರೋ, ಟೊಮೇಟೊ ಕ್ರೇಟ್ ಒಂದನ್ನು ಬೋರಲು ಹಾಕಿ ಮೂಲೆಯಲ್ಲಿ ಕೂತರು. ಕೈಯಲ್ಲಿ ಚೀಟಿ, ಕಿವಿಯ ಮೇಲೆ ಪೆನ್ಸಿಲ್.

ಕ್ಯಾಂಟೀನಿನ ಪದ್ಧತಿ ಇಲ್ಲಿ ಹೇಳಬೇಕು. ನನಗೆ ಕೆಲಸ ಕಲಿಸಿದವರು ಒಂದೇ ಮಾತು ಹೇಳಿಕೊಟ್ಟಿದ್ದರು: ಒಂದು ಅಡುಗೆಮನೆಗೆ ಒಂದೇ ನಾಲಿಗೆ. ನನ್ನ ನಾಲಿಗೆ ದಾಟದೆ ಯಾವ ಪಾತ್ರೆಯೂ ಆಚೆ ಹೋಗುವಂತಿಲ್ಲ, ಬೇರೆಯವರು ಚಮಚ ಅದ್ದುವಂತಿಲ್ಲ. ಇಪ್ಪತ್ತೆರಡು ವರ್ಷ ಇದನ್ನು ವ್ರತದ ಹಾಗೆ ಪಾಲಿಸಿದ್ದೆ. ಅವತ್ತೂ ಅಷ್ಟೇ. ಸೂಪು ಕುದಿಯಿತು, ರುಚಿ ನೋಡಿದೆ. ಆಲೂಗಡ್ಡೆ ಕರಿದದ್ದಾಯಿತು, ಎರಡು ಬಾಯಿಗೆ ಹಾಕಿಕೊಂಡೆ. ಗಂಟೆಗೊಂದು ಸಲ ಕಾಫಿ ಹೊಸದಾಗಿ ಇಳಿಯುತ್ತದೆ. ಹಾಲು ಹೆಚ್ಚಾಯಿತೋ, ಡಿಕಾಕ್ಷನ್ ತೆಳುವಾಯಿತೋ ನೋಡಬೇಡವೇ? ನೋಡಿದೆ.

ಸಂಜೆ ಐದೂವರೆಗೆ ಭಾವ ಕ್ರೇಟ್‌ನಿಂದ ಎದ್ದರು.

"ಇವತ್ತು ಕಾಫಿ ಎಷ್ಟು ಕುಡಿದೆ?"

"ಒಂದು ಹನಿ ಇಲ್ಲ."

"ಅರ್ಧರ್ಧ ಕಪ್, ಹತ್ತು ಸಲ. ಕೊನೇದು ಈಗ ತಾನೇ."

"ಅದು ಕುಡಿದಿದ್ದಲ್ಲ ಭಾವ. ರುಚಿ ನೋಡಿದ್ದು."

"ಅದು ನಿನ್ನ ಹೊಟ್ಟೆಗೆ ಗೊತ್ತಾ? ಕರಿದ ಆಲೂಗಡ್ಡೆ ಹದಿನಾಲ್ಕು ತುಂಡು. ಊಟದ ಕೊನೆಗೆ ಅಂತ ಹಾಲು ಸಕ್ಕರೆಯ ಬಿಳಿ ಗಂಜಿ ಮಾಡಿದೆಯಲ್ಲ, ಅದು ಒಂಬತ್ತು ಚಮಚ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಿಂಗೆ ಎರಡೂ ಬರಲ್ಲ."

ಪಾತ್ರೆ ತೊಳೆಯುವವರೆಲ್ಲ ನಕ್ಕರು. ನನಗೆ ಕೋಪ ನೆತ್ತಿಗೇರಿತು. ಸುಳ್ಳು ಬರೆದಿದ್ದರೆ ಇಷ್ಟು ಕೋಪ ಬರುತ್ತಿರಲಿಲ್ಲ. ದೇವರಾಣೆಗೂ ನಾನು ಅದನ್ನು ತಿಂದದ್ದು ಅಂದುಕೊಂಡೇ ಇರಲಿಲ್ಲ. ನನ್ನ ಕಸುಬಿನವರನ್ನು ಯಾರನ್ನಾದರೂ ಕೇಳಿ, ಹೀಗೇ ಹೇಳುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಂತೆ. ನಾನು ಕಣ್ಣು ತೆರೆದುಕೊಂಡೇ ಕುಡಿದಿದ್ದೆ.

ಮನೆಗೆ ನಡೆದೇ ಹೋದೆ. ಹೆದರಿಕೆ ಶುರುವಾದದ್ದು ಆಮೇಲೆ. ರುಚಿ ನೋಡಿದರೆ ನಿದ್ದೆಯಿಲ್ಲ, ನಿದ್ದೆಯಿಲ್ಲದಿದ್ದರೆ ನೋವು, ನೋವಿದ್ದರೆ ಉಗ್ರಾಣ. ರುಚಿ ನೋಡದಿದ್ದರೆ ನಾನೆಂಥ ಅಡುಗೆಯವನು? ಎರಡೂ ಕಡೆ ಉಗ್ರಾಣದ ಬಾಗಿಲೇ ಕಂಡಿತು.

ಅಕ್ಕ ಮಾತ್ರ ಬಟ್ಟೆ ಮಡಿಸುತ್ತಾ, "ನಿನ್ನ ಅಡುಗೆಮನೇಲಿ ಇನ್ಯಾರಿಗೂ ನಾಲಿಗೆ ಇಲ್ವೇನೋ?" ಅಂದಳು.

ಇತ್ತು. ಒಂಬತ್ತು ವರ್ಷದಿಂದ ನನ್ನ ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುವ ಹೆಂಗಸು. ಕಾರ್ಖಾನೆಯವರೆಲ್ಲ ಕ್ಯಾರೆಟ್ಟಮ್ಮ ಅನ್ನುತ್ತಾರೆ. ಮರುದಿನ ಕಾಳಿನ ಸೂಪು ಕುದ್ದಾಗ ಚಮಚ ತುಂಬಿ ಅವಳ ಮುಂದೆ ಹಿಡಿದೆ. ಇನ್ಯಾರಿಗೋ ಕೊಡುತ್ತಿದ್ದೇನೆ ಅಂದುಕೊಂಡು ಅವಳು ಹಿಂದೆ ತಿರುಗಿ ನೋಡಿದಳು.

"ನಿನಗೇ. ನೋಡಿ ಹೇಳು."

ಬಾಯಿಗೆ ಹಾಕಿಕೊಂಡಳು, ಚಮಚ ವಾಪಸ್ ಕೊಟ್ಟು ಮತ್ತೆ ಕ್ಯಾರೆಟ್ ಹೆಚ್ಚತೊಡಗಿದಳು.

"ಹೇಳಮ್ಮ."

"ಬೇಡ ಬಿಡಿ ಅಣ್ಣ."

"ಹೇಳು ಅಂದ್ನಲ್ಲ."

"ಉಪ್ಪು ಜಾಸ್ತಿ."

"ಇವತ್ತಾ?"

"ದಿನಾನೂ. ಈಗ ಎರಡು ಮೂರು ವರ್ಷದಿಂದ. ಹೊಲಿಗೆಯವರು ಟೇಬಲ್ಲಿಗೆ ಎರಡೆರಡು ಜಗ್ ನೀರಿಟ್ಕೋತಾರಲ್ಲ, ನೋಡಿಲ್ವಾ?"

ನೋಡಿದ್ದೆ. ಮಷೀನಿನ ಬಿಸಿಗೆ ಬಾಯಾರಿಕೆ ಅಂದುಕೊಂಡಿದ್ದೆ. ನೋವಿಗೆ ಅಂತ ಮೂರು ವರ್ಷದಿಂದ ನುಂಗುತ್ತಿರುವ ಮಾತ್ರೆಗೆ ಬಾಯಿ ಒಣಗುತ್ತದೆ ಅಂತ ಡಾಕ್ಟರಮ್ಮ ಹೇಳಿದ್ದರು. ಒಣಗಿದ ನಾಲಿಗೆಯಲ್ಲಿ ಇನ್ನೂರನಲವತ್ತು ಜನಕ್ಕೆ ಉಪ್ಪು ಅಳೆಯುತ್ತಿದ್ದೇನೆ ಅಂತ ನನಗೆ ಹೊಳೆದಿರಲಿಲ್ಲ.

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀನು?"

"ಹೇಗೆ ಹೇಳೋದು? ಮಾತಾಡಿಸಿದ್ರೆ ಉರಿದು ಬೀಳ್ತಿದ್ರಿ." ಅವಳು ಕ್ಯಾರೆಟ್ ಹೆಚ್ಚುತ್ತಲೇ ಇದ್ದಳು. "ನೀವಾದ್ರೂ ಎಲ್ಲಿ ಹೇಳಿದ್ರಿ, ಮೈಯೆಲ್ಲ ಇಷ್ಟು ನೋಯುತ್ತೆ ಅಂತ? ನಿನ್ನೆ ನಿಮ್ಮ ಭಾವ ಹೇಳಿದ್ಮೇಲೆ ಗೊತ್ತಾಯ್ತು. ನಾವೆಲ್ಲ ನಿಮಗೆ ನಮ್ಮನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ವಿ."

ನನಗೆ ನಾಚಿಕೆಯಾಯಿತು. ನನ್ನ ನೋವನ್ನು ಯಾರೂ ಕೇಳಲಿಲ್ಲ ಅಂತ ಮೂರು ವರ್ಷ ಕೊರಗಿದ್ದೆ. ಒಂಬತ್ತು ವರ್ಷದಲ್ಲಿ ನಾನು ಇವಳನ್ನು ಒಂದು ಮಾತು ಕೇಳಿರಲಿಲ್ಲ.

ಅವತ್ತಿನಿಂದ ಚಮಚ ಅವಳ ಕೈಗೆ ಹೋಯಿತು. ಕಾಫಿ ನಿಜವಾಗಿ ಬಿಟ್ಟ ಮೊದಲ ನಾಲ್ಕು ದಿನ ತಲೆ ಸಿಡಿದು, ಭಾವನ ಜೊತೆ ಎರಡು ಸಲ ಮಾತು ಬಿಟ್ಟೆ. ಆಮೇಲೆ ನಿದ್ದೆ ನಾಲ್ಕು ಗಂಟೆಯಾಯಿತು, ಒಂದು ದಿನ ಐದೂವರೆ. ನೋವು ಏಳಕ್ಕಿಳಿದು, ಕೆಲವು ದಿನ ಆರಕ್ಕೂ ಬಂತು. ಮಳೆ ಮೋಡ ಕವಿದ ದಿನ ಮತ್ತೆ ಎಂಟು. ವಾಸಿಯಾಗಿಲ್ಲ, ಆಗುವುದೂ ಇಲ್ಲವೇನೋ. ಆದರೆ ಆರು ಅನ್ನುವುದು ಎಂಥ ಸುಖದ ಅಂಕಿ ಅಂತ ಎಂಟರಲ್ಲಿ ಇದ್ದವರಿಗೇ ಗೊತ್ತು.

ಆರು ವಾರ ಮುಗಿದ ಸೋಮವಾರ ಮ್ಯಾನೇಜರ್ ಅಡುಗೆಮನೆಗೇ ಬಂದರು. ಅವತ್ತು ನನ್ನ ಗ್ರಹಚಾರಕ್ಕೆ ಎಂಟರ ದಿನ. ಎಲ್ಲರೂ ಅಲ್ಲೇ ಇದ್ದರು. ಸೊಂಟದ ಸುಳ್ಳು ನಾಲಿಗೆ ತುದಿಯವರೆಗೂ ಬಂದಿತ್ತು.

"ಏನು ನಿರ್ಧಾರ ಮಾಡಿದ್ರಿ?"

"ಸಾರ್, ನನಗೆ ಮೈ ನೋವಿನ ಕಾಯಿಲೆ ಇದೆ" ಅಂದೆ. "ಇವತ್ತು ಬಹಳ ಇದೆ. ಪಾತ್ರೆ ಇಳಿಸೋಕೆ ಇಬ್ಬರು ಬೇಕು, ರುಚಿ ನೋಡೋಕೆ ಇವಳು ಬೇಕು. ಅಷ್ಟು ಕೊಟ್ರೆ ನಾನು ಒಲೆ ಹತ್ತಿರವೇ ಇರ್ತೀನಿ."

ಮ್ಯಾನೇಜರ್ ಎಲ್ಲರ ಮುಖ ನೋಡಿದರು. ಪಾತ್ರೆ ತೊಳೆಯುವವರಿಬ್ಬರು ಆಗಲೇ ಕೈ ಒರೆಸಿಕೊಂಡು ದೊಡ್ಡ ಪಾತ್ರೆಯ ಎರಡು ಹಿಡಿಗೆ ಕೈ ಹಾಕಿದ್ದರು. ಕ್ಯಾರೆಟ್ಟಮ್ಮ ತಾನು ಕೂರುವ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ತಳ್ಳಿದಳು.

"ಕೂತ್ಕೊಳ್ಳಿ ಅಣ್ಣ" ಅಂದಳು. "ಇದನ್ನ ಮೂರು ವರ್ಷದ ಹಿಂದೇ ಹೇಳಿದ್ರೆ ಆಗ್ತಿತ್ತಲ್ಲ."