ತನ್ನ ಗೆಲುವನ್ನೇ ಕೀಳಲು ಹೊರಟ ಗಾಳದಕ್ಕ

೧

ಎಲ್ಲಿಂದ ಶುರು ಮಾಡಲಿ? ಆಫೀಸಿನ ಬಿಳಿ ಬೋರ್ಡಿನಿಂದ ಶುರು ಮಾಡಿ ನೋಡಿದೆ, ಹೊಡೆದು ಹಾಕಿದೆ. ಮನೆಯ ಗೋಡೆಯ ಮೇಲಿನ ಫಲಕದಿಂದ ಶುರು ಮಾಡಿದೆ. ಎರಡನೇ ವಾಕ್ಯಕ್ಕೇ ಅದು ಬೀಳ್ಕೊಡುಗೆ ಸಮಾರಂಭದ ಭಾಷಣದ ಧಾಟಿಗೆ ಹೊರಳಿತು. (ಅಂಥ ಭಾಷಣ ನಾನು ಚೆನ್ನಾಗಿ ಬರೆಯುತ್ತೇನೆ. ತೊಂದರೆ ಇರುವುದೇ ಅಲ್ಲಿ.) ಆದ್ದರಿಂದ ನೇರವಾಗಿ ಆ ಹೆಂಗಸಿನಿಂದಲೇ ಶುರು.

ಆಸ್ಪತ್ರೆಗಳಿಗೆ ಕೆಲಸದವರನ್ನು ಹುಡುಕಿಕೊಡುವ ಒಂದು ಏಜೆನ್ಸಿ ಇದೆ. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಇವರ ಆಫೀಸು. ನರ್ಸ್, ಟೆಕ್ನಿಷಿಯನ್, ಡಾಕ್ಟರ್, ಯಾರು ಬೇಕೆಂದರೂ ಎಲ್ಲಿಂದಲೋ ಎಳೆದು ತರುವ ಅಲ್ಲಿನ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ಗಾಳದಕ್ಕ. ಐವತ್ತು ದಾಟಿದೆ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡೇ ಟೀ ಕುಡಿಯುತ್ತಾಳೆ. ಒಂದು ಹನಿಯೂ ಚೆಲ್ಲುವುದಿಲ್ಲ.

ಅವಳ ದೊಡ್ಡ ಗೆಲುವು ಹಳೆಯದು. ಊರಾಚೆ ಹೊಸದಾಗಿ ಒಂದು ಆಸ್ಪತ್ರೆ ಎದ್ದಾಗ ಅಲ್ಲಿನ ಐಸಿಯುಗೆ ಬರುವವರೇ ಇರಲಿಲ್ಲ. ರಸ್ತೆ ಇನ್ನೂ ಜಲ್ಲಿಕಲ್ಲು, ಕೊನೆಯ ಬಸ್ಸು ತಪ್ಪಿದರೆ ಗತಿಯಿಲ್ಲ. ಗಾಳದಕ್ಕ ಒಬ್ಬ ಹೆಸರುವಾಸಿ ನರ್ಸಿನ ಮನೆ ಬಾಗಿಲು ಮತ್ತೆ ಮತ್ತೆ ತಟ್ಟಿ, ಅವಳನ್ನು ಒಪ್ಪಿಸಿದಳು. ಅವಳು ಸೇರಿದ್ದೇ ತಡ, ಅವಳನ್ನು ನಂಬಿಕೊಂಡು ಉಳಿದವರೂ ಬಂದರು. ಐಸಿಯು ತನ್ನ ಕಾಲ ಮೇಲೆ ನಿಂತಿತು. ಆ ನರ್ಸನ್ನು ಇವತ್ತು ಆಸ್ಪತ್ರೆಗೆ ಆಸ್ಪತ್ರೆಯೇ 'ದೊಡ್ಡ ಸಿಸ್ಟರ್' ಎಂದು ಕರೆಯುತ್ತದೆ. ಗಾಳದಕ್ಕನಿಗೆ ಏಜೆನ್ಸಿ ಒಂದು ಫಲಕ ಕೊಟ್ಟು ಫೋಟೋ ತೆಗೆಸಿತು.

೨

"ಅಕ್ಕಾ, ಆ ದೊಡ್ಡ ಆಸ್ಪತ್ರೆಯವ್ರು ಕೇಳಿದ ಐಸಿಯು ಹೆಡ್ ನರ್ಸ್ ಏನಾಯ್ತು?" ಮ್ಯಾನೇಜರ್ ಕೇಳಿದ. ಅವಳಿಗಿಂತ ತುಂಬಾ ಚಿಕ್ಕವನು.

"ಹುಡುಕ್ತಿದೀನಿ. ಐಸಿಯು ಅಂದ್ರೆ ಸುಮ್ನೆ ಅಲ್ಲಪ್ಪ. ಹಿಂದೆ ನಾನು ಊರಾಚೆ ಆಸ್ಪತ್ರೆಗೆ…"

"ಆ ಕಥೆ ನಾನು ಸೇರಿದ ದಿನಾನೇ ಕೇಳಿದೀನಿ. ಚೆನ್ನಾಗಿದೆ. ಈ ತಿಂಗಳದ್ದು ಹೇಳಿ."

ಬೋರ್ಡಿನ ಮೇಲೆ ಎಲ್ಲರ ಹೆಸರಿನ ಮುಂದೆ ಆ ತಿಂಗಳು ಕೆಲಸಕ್ಕೆ ಸೇರಿಸಿದವರ ಲೆಕ್ಕ ಏನಾದರೂ ಇತ್ತು. ಗಾಳದಕ್ಕನ ಹೆಸರಿನ ಮುಂದೆ ಖಾಲಿ. ತಿಂಗಳು ಮುಗಿದೊಡನೆ ಎಲ್ಲವನ್ನೂ ಒರೆಸಿಬಿಡುತ್ತಾರೆ, ಗೆದ್ದವರದ್ದೂ ಸೋತವರದ್ದೂ.

"ಮೇಲಿನವ್ರು ಕೇಳ್ತಿದಾರೆ ಅಕ್ಕಾ," ಅವನು ದನಿ ತಗ್ಗಿಸಿದ. "ಈ ಸಲ ಆಗ್ಲಿಲ್ಲ ಅಂದ್ರೆ ನಿಮ್ಮನ್ನ ಉಳಿಸ್ಕೊಳ್ಳೋದು ನನ್ನ ಕೈಲಿಲ್ಲ."

(ಇವನನ್ನು ಖಳನಾಯಕ ಮಾಡುವ ಆಸೆ ನನಗೆ ಬಹಳ ಇತ್ತು. ಒಂದು ತೆಳು ಮೀಸೆಯನ್ನೂ ಅಂಟಿಸಿದ್ದೆ. ಆದರೆ ಈ ಮಾತು ಹೇಳುವಾಗ ಅವನು ಅವಳ ಮುಖ ನೋಡಲಾರದೆ ಕುರ್ಚಿಯ ಚಕ್ರ ನೋಡುತ್ತಿದ್ದ. ಮೀಸೆ ಕಿತ್ತು ಹಾಕಿದೆ.)

೩

ಸಂಜೆ ಗಾಳದಕ್ಕ ಮನೆಗೆ ಬಂದಾಗ ಅವಳ ಗಂಡ ಊಟದ ಮೇಜಿನ ಮೇಲೆ ಮಿಕ್ಸಿಯನ್ನು ಬಿಚ್ಚಿ ಹರವಿಕೊಂಡು ಕೂತಿದ್ದ.

"ಆ ಕೆಲಸಕ್ಕೆ ಸರಿಹೊಂದೋಳು ಒಬ್ಬಳೇ ಇದಾಳೆ," ಅಂದಳು.

"ಯಾರು?"

"ದೊಡ್ಡ ಸಿಸ್ಟರ್."

ಗಂಡ ಸ್ಕ್ರೂಡ್ರೈವರ್ ಕೆಳಗಿಟ್ಟ. ಗೋಡೆಯ ಮೇಲಿನ ಫಲಕದ ಕಡೆ ನೋಡಿದ. "ಅವಳನ್ನ ಅಲ್ಲಿಂದ ಎಬ್ಬಿಸಿದ್ರೆ, ಅವಳನ್ನ ಅಲ್ಲಿ ಕೂರಿಸಿದ್ದಕ್ಕೆ ಕೊಟ್ಟಿದ್ದು… ಅದೇನಾಗುತ್ತೆ?"

"ನನಗೂ ಅದೇ ಗೊತ್ತಾಗ್ತಿಲ್ಲ ಕಣ್ರೀ."

ಓದುಗರೇ, ನನಗೆ ಈ ಕಥೆಯ ಮೇಲೆ ಕುತೂಹಲ ಹುಟ್ಟಿದ್ದು ಇಲ್ಲಿ. ಬಡಗಿ ಹೊಸ ಬಾಗಿಲು ಮಾಡಲು ತಾನೇ ಹಿಂದೆ ಕೂರಿಸಿದ ಬಾಗಿಲನ್ನು ಕೀಳುವುದಿಲ್ಲ. ಈ ಕಸುಬಿನಲ್ಲಿ ಮಾತ್ರ ಹಳೆಯ ಗೆಲುವು ಎದ್ದು ನಡೆದು ಬಂದು ಹೊಸ ಗೆಲುವಾಗಬಲ್ಲದು. ಹಾಗಾದಾಗ ಅದು ಎರಡು ಗೆಲುವೋ, ಒಂದೋ, ಏನೂ ಇಲ್ಲವೋ?

೪ (ಕೈಬಿಟ್ಟದ್ದು)

ಗಾಳದಕ್ಕ ದೊಡ್ಡ ಸಿಸ್ಟರನ್ನು ಕಿತ್ತು ತಂದಳು. ಬೋರ್ಡು ತುಂಬಿತು. ಊರಾಚೆಯ ಐಸಿಯು ಮಂಕಾಯಿತು. ಅವಳು ಫಲಕವನ್ನು ಇಳಿಸಿ ಅಟ್ಟಕ್ಕೆ ಹಾಕಿದಳು.

೪ (ಇದೂ ಕೈಬಿಟ್ಟದ್ದು)

ಗಾಳದಕ್ಕ ಆ ಫೋನ್ ಮಾಡಲೇ ಇಲ್ಲ. ಕೆಲಸ ಹೋಯಿತು. ತಲೆ ಎತ್ತಿಕೊಂಡು ಮೆಟ್ಟಿಲಿಳಿದಳು. ಹಿನ್ನೆಲೆಯಲ್ಲಿ ಪಿಟೀಲು.

"ಸ್ವಲ್ಪ ನಿಲ್ಲಿ," ಅಂದಳು ಗಾಳದಕ್ಕ. "ಎರಡರಲ್ಲೂ ನಾನೇ ಕಿತ್ತೆ, ನಾನೇ ಬಿಟ್ಟೆ. ಅವಳಿಗೊಂದು ಬಾಯಿಲ್ವಾ? ಅವಳೇನು ಗೆಡ್ಡೆನಾ, ಕೀಳೋಕೆ?"

"ನೀವು ಹೋಗಿ ಅವಳನ್ನು ಕೇಳಿದರೆ ಕಥೆ ಉದ್ದವಾಗುತ್ತದೆ," ಅಂದೆ.

"ಆಗ್ಲಿ ಬಿಡಿ. ನಿಮಗೇನು ಬೇರೆ ಕೆಲಸ ಇದೆಯಾ?"

ಇರಲಿಲ್ಲ.

೪

ಊರಾಚೆಯ ಆಸ್ಪತ್ರೆಯ ಕ್ಯಾಂಟೀನು. ಪಾಳಿ ಮುಗಿಸಿದ ದೊಡ್ಡ ಸಿಸ್ಟರ್ ಚಪ್ಪಲಿ ಕಳಚಿ, ಎದುರಿನ ಕುರ್ಚಿಯ ಅಡ್ಡಪಟ್ಟಿಯ ಮೇಲೆ ಕಾಲಿಟ್ಟುಕೊಂಡು ಕೂತಿದ್ದಳು. ಗಾಳದಕ್ಕ ಬಂದ ವಿಷಯ ಹೇಳಿದಳು. ಹೇಳಿ, ತಾನೇ ಮುಂದುವರಿಸಿದಳು: "ನಿನ್ನನ್ನ ಇಲ್ಲಿಗೆ ತಂದೋಳು ನಾನೇ. ಈಗ ನಾನೇ ಬಾ ಅಂತ ಕರೆಯೋಕೆ ಮನಸ್ಸು ಬರ್ತಿಲ್ಲ."

ದೊಡ್ಡ ಸಿಸ್ಟರ್ ನಕ್ಕಳು. "ಅಕ್ಕಾ, ನೀವು ತಂದ್ರಿ ಅಂತ ನಾನು ಬಂದೆನಾ? ಆಗ ಅಪ್ಪಂಗೆ ವಾರ ವಾರ ಡಯಾಲಿಸಿಸ್. ಇಲ್ಲಿ ಕೆಲಸ ಮಾಡಿದ್ರೆ ಅವ್ರನ್ನ ಜೊತೇಲೇ ಕರ್ಕೊಂಡು ಬರಬಹುದಿತ್ತು. ಅದಕ್ಕೇ ಒಪ್ಪಿದ್ದು."

"ನೀನು ಇದನ್ನ ಹೇಳ್ಲೇ ಇಲ್ಲ!"

"ನೀವು ಕೇಳ್ಲಿಲ್ಲ. ಖುಷೀಲಿದ್ರಿ."

ಗಾಳದಕ್ಕ ಟೀ ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತಿದ್ದಳು. ಇಷ್ಟು ವರ್ಷ ಗೋಡೆಯ ಮೇಲಿದ್ದದ್ದು ಯಾರ ಗೆಲುವು? ಒಬ್ಬ ಮಗಳಿಗೆ ಅಪ್ಪನ ಮೇಲಿದ್ದ ಪ್ರೀತಿಗೆ ತಾನು ಫಲಕ ತೆಗೆದುಕೊಂಡು ಬಂದೆನೇ?

(ಇಲ್ಲಿಗೇ ನಿಲ್ಲಿಸಿದರೆ ಕಹಿಯಾದ, ಅಚ್ಚುಕಟ್ಟಾದ ಕಥೆ ಆಗುತ್ತಿತ್ತು. ನಿಲ್ಲಿಸಲು ಪೆನ್ನು ಎತ್ತಿದ್ದೆ ಕೂಡ. ದೊಡ್ಡ ಸಿಸ್ಟರ್ ಬಿಡಲಿಲ್ಲ.)

"ಮುಖ ಯಾಕೆ ಹಂಗೆ ಮಾಡ್ಕೋತೀರ? ಬೇರೆ ಏಜೆನ್ಸಿಯವ್ರೂ ಬರ್ತಿದ್ರು ಆಗ. ಎಲ್ರೂ ಸ್ವರ್ಗನೇ ತೋರಿಸ್ತಿದ್ರು. ನೀವು ಮಾತ್ರ ಏನಂದ್ರಿ ನೆನಪಿದೆಯಾ? ಲಿಫ್ಟು ವಾರಕ್ಕೊಂದ್ಸಲ ಕೆಡುತ್ತೆ, ಮೇಟ್ರನ್ ಬಾಯಿ ಜೋರು, ಮೊದಲ ವರ್ಷ ರಜ ಕೇಳಬೇಡ. ಬಂದು ನೋಡಿದ್ರೆ ಒಂದಕ್ಷರ ಸುಳ್ಳಿಲ್ಲ. ನನ್ನ ಹಿಂದೆ ಬಂದ ಹುಡುಗೀರಿಗೂ ಅದನ್ನೇ ಹೇಳಿದೆ. ಗೊತ್ತಿದ್ದು ಬಂದ್ರು ನೋಡಿ, ಅದಕ್ಕೇ ಉಳಿದ್ರು."

ಗಾಳದಕ್ಕನಿಗೆ ಇದು ನೆನಪೇ ಇರಲಿಲ್ಲ. ತಾನು ಒಪ್ಪಿಸಿದ್ದು ನೆನಪಿತ್ತು. ಏನು ಹೇಳಿ ಒಪ್ಪಿಸಿದೆ ಎನ್ನುವುದು ಮರೆತುಹೋಗಿತ್ತು.

"ಈಗ್ಲೂ ಅಷ್ಟೇ," ದೊಡ್ಡ ಸಿಸ್ಟರ್ ಮುಂದಕ್ಕೆ ಬಾಗಿದಳು. "ನಾನು ಬರ್ತೀನಿ ಅಂತಾನೂ ಹೇಳಲ್ಲ, ಬರಲ್ಲ ಅಂತಾನೂ ಹೇಳಲ್ಲ. ಇಲ್ಲಿ ನನ್ನ ಕೆಲಸ ನನಗಿಂತ ಚೆನ್ನಾಗಿ ಮಾಡೋರು ತಯಾರಾಗಿದಾರೆ. ನಾನು ಎದ್ರೆ ಐಸಿಯು ಮುಳುಗಲ್ಲ. ಆ ಜಾಗದ ಕೆಟ್ಟದ್ದೆಲ್ಲ ಹೇಳಿ."

ಗಾಳದಕ್ಕ ಹೇಳಿದಳು. ಅಲ್ಲಿ ಒಬ್ಬೊಬ್ಬ ನರ್ಸಿನ ತಲೆಗೆ ನಾಲ್ಕು ಹಾಸಿಗೆ. ಹಿಂದಿನ ಹೆಡ್ ನರ್ಸುಗಳು ನಿಲ್ಲದೆ ಹೋಗಿದ್ದು ಅದಕ್ಕೇ. ಡೈರೆಕ್ಟರಿಗೆ ತಾನು ಹೇಳಿದ್ದೇ ಸರಿ. ಕಟ್ಟಡ ಮಾತ್ರ ಬಹಳ ಚೆಂದ.

"ಇಷ್ಟೇನಾ?"

"ಪಾರ್ಕಿಂಗ್ ಕೂಡ ಇಲ್ಲ."

"ನಡೀರಿ," ಅಂದಳು ದೊಡ್ಡ ಸಿಸ್ಟರ್, ಚಪ್ಪಲಿ ಹುಡುಕುತ್ತಾ. "ಮಾತಾಡಿ ನೋಡೋಣ."

೫

ಇಂಟರ್ವ್ಯೂಗೆ ದೊಡ್ಡ ಸಿಸ್ಟರ್ ಗಾಳದಕ್ಕನನ್ನೂ ಪಕ್ಕದಲ್ಲೇ ಕೂರಿಸಿಕೊಂಡಳು. ಡೈರೆಕ್ಟರು ಕನ್ನಡಕ ತೆಗೆದು ಒರೆಸಿ ಕೇಳಿದರು, "ಇಲ್ಲಿವರೆಗಿನ ನಿಮ್ಮ ದೊಡ್ಡ ಸಾಧನೆ ಏನಮ್ಮ?"

ನಾನು ಅವಳ ಬಾಯಿಗೆ ಒಂದು ಭರ್ಜರಿ ಉತ್ತರ ಬರೆದಿಟ್ಟಿದ್ದೆ. ಅವಳು ಅದನ್ನು ಮುಟ್ಟಲಿಲ್ಲ.

"ನನ್ನ ವಾರ್ಡಿಂದ ಮನೆಗೆ ಹೋದೋರಿಗೆ ನನ್ನ ಮುಖ ಗೊತ್ತಿರಲ್ಲ ಸರ್. ನಾನಿರುವಾಗ ಅವ್ರಿಗೆ ಎಚ್ಚರ ಇರಲ್ಲ. ಎಚ್ಚರ ಆದ್ಮೇಲೆ ಬೇರೆ ವಾರ್ಡಿಗೆ ಹೋಗ್ತಾರೆ. ಹಂಗಾಗಿ ಸಾಕ್ಷಿಗೆ ಯಾರನ್ನೂ ತರೋಕಾಗಲ್ಲ. ಈಗ ನಾನೊಂದು ಕೇಳ್ಲಾ? ಒಬ್ಬಳಿಗೆ ನಾಲ್ಕು ಹಾಸಿಗೆ ಕೊಟ್ರೆ, ಒಟ್ಟಿಗೆ ಎರಡು ಅಲಾರಂ ಹೊಡ್ಕೊಂಡಾಗ ಅವಳು ಯಾವ ಕಡೆ ಓಡ್ಬೇಕು?"

ಡೈರೆಕ್ಟರು ಕನ್ನಡಕ ಹಾಕಿಕೊಂಡರು. ಮತ್ತೆ ತೆಗೆದರು.

"ಎರಡು ಹಾಸಿಗೆಗೆ ಒಬ್ಬಳು. ಅದಾದ್ರೆ ಬರ್ತೀನಿ," ಅಂದಳು ದೊಡ್ಡ ಸಿಸ್ಟರ್.

ಅವರು ತಿರುಗಿ ಗಾಳದಕ್ಕನನ್ನು ನೋಡಿದರು. "ಏನಮ್ಮ, ನೀವು ನಮ್ಮ ಕಡೆಯವರಲ್ಲವಾ? ನೀವೇ ಸ್ವಲ್ಪ ಹೇಳಿ."

ಗಾಳದಕ್ಕನ ಬಾಯಲ್ಲಿ ಒಪ್ಪಿಸುವ ಮಾತುಗಳಿಗೆ ಎಂದೂ ಬರವಿರಲಿಲ್ಲ. ಆದರೆ ಅವಳು ಅಂದದ್ದು ಇಷ್ಟೇ: "ಸರ್, ಇವಳು ಕೇಳ್ತಿರೋದನ್ನ ಕೊಡದೆ ಇದ್ರೆ ನಾನು ಇನ್ನೊಬ್ಬಳನ್ನ ತರ್ತೀನಿ. ಅವಳೂ ಹೋಗ್ತಾಳೆ. ಮತ್ತೊಬ್ಬಳನ್ನ ತರ್ತೀನಿ. ನನ್ನ ಬೋರ್ಡು ತುಂಬುತ್ತೆ. ನಿಮ್ಮ ವಾರ್ಡು ತುಂಬಲ್ಲ."

೬

ತಿಂಗಳ ಕೊನೆಯ ದಿನ. ಮ್ಯಾನೇಜರ್ ಒರೆಸುವ ಬಟ್ಟೆ ಹಿಡಿದು ಬೋರ್ಡಿನ ಮುಂದೆ ನಿಂತಿದ್ದ. "ಆಯ್ತಾ ಅಕ್ಕಾ?"

"ಯೋಚನೆ ಮಾಡಿ ಹೇಳ್ತಾರಂತೆ."

"ಯಾರು, ನರ್ಸಾ?"

"ಅಲ್ಲಪ್ಪ, ಆಸ್ಪತ್ರೆ."

ಅವನು ಅರ್ಥವಾಗದೆ ಅವಳನ್ನೇ ನೋಡಿದ. ನರ್ಸುಗಳು ಯೋಚಿಸಿ ಹೇಳುವುದನ್ನು ಕೇಳಿದ್ದ. ಕಟ್ಟಡವೊಂದು ಯೋಚಿಸಿ ಹೇಳುವುದನ್ನು ಕೇಳಿದ್ದು ಇದೇ ಮೊದಲು. ಬಟ್ಟೆಯನ್ನು ಪಕ್ಕಕ್ಕಿಟ್ಟು, "ಸಂಜೆವರೆಗೂ ಟೈಮಿದೆ," ಅಂದ.

ಮಧ್ಯಾಹ್ನ ಫೋನು ಬಂತು. ಡೈರೆಕ್ಟರದ್ದು. ಗಾಳದಕ್ಕ ಎದ್ದು ಮೀಟಿಂಗ್ ರೂಮಿಗೆ ಹೋಗಿ ಗಾಜಿನ ಬಾಗಿಲು ಹಾಕಿಕೊಂಡಳು. ಮ್ಯಾನೇಜರ್ ಈಚೆ, ನಾನು ಅವನ ಪಕ್ಕ. ಅವಳು ನಮಗೆ ಬೆನ್ನು ಹಾಕಿ ನಿಂತಳು. ಒಮ್ಮೆ ತಲೆ ಅಲ್ಲಾಡಿಸಿದಳು. ಹೂಂ ಎಂದೋ ಊಹೂಂ ಎಂದೋ, ಬೆನ್ನ ಕಡೆಯಿಂದ ಹೇಳುವುದು ಕಷ್ಟ. ಒಮ್ಮೆ ನಕ್ಕಳು. ಅವಳು ಸೋತಾಗಲೂ ನಗುತ್ತಾಳೆ, ಅದರಿಂದ ಏನೂ ತಿಳಿಯುವುದಿಲ್ಲ.

ನನ್ನ ಬಳಿ ತಯಾರಾದ ಮುಕ್ತಾಯಗಳು ಬೇಕಾದಷ್ಟಿದ್ದವು. ಆಸ್ಪತ್ರೆ ಒಪ್ಪಿತು. ಒಪ್ಪಲಿಲ್ಲ. ಮೂರು ಹಾಸಿಗೆಗೆ ಒಬ್ಬಳು ಎಂದು ಚೌಕಾಸಿಗೆ ಇಳಿಯಿತು. ಒಂದರಲ್ಲಂತೂ ಡೈರೆಕ್ಟರು ಗಾಳದಕ್ಕನನ್ನೇ ತಮ್ಮಲ್ಲಿ ಕೆಲಸಕ್ಕೆ ಕರೆಯುತ್ತಾರೆ. (ಅದು ನನಗೇ ಸ್ವಲ್ಪ ಅತಿಯೆನಿಸಿತು.)

ಬಾಗಿಲು ತೆರೆಯಿತು. ಗಾಳದಕ್ಕ ಮೇಜಿನ ಮೇಲಿದ್ದ ಕೈಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು.

"ಏನಂದ್ರು?" ಮ್ಯಾನೇಜರೂ ನಾನೂ ಒಟ್ಟಿಗೆ ಕೇಳಿದೆವು.

"ಹೊಟ್ಟೆ ಹಸೀತಿದೆ," ಅಂದಳು. "ಊಟ ಮಾಡ್ಕೊಂಡು ಬಂದು ಹೇಳ್ತೀನಿ."

ಮೆಟ್ಟಿಲ ಮೇಲೆ ಅವಳ ಹೆಜ್ಜೆ ಕೆಳಗಿಳಿಯುತ್ತಾ ಹೋದದ್ದು ಕೇಳಿಸಿತು. ಯಾರಿಗೋ ಫೋನ್ ಮಾಡಿ ಮಾತಾಡುತ್ತಾ ಇಳಿಯುತ್ತಿದ್ದಳು. ಕಿಟಕಿಗೆ ಓಡಿ ಬಗ್ಗಿ ನೋಡಿದೆವು. ಕನ್ನಡಕದ ಅಂಗಡಿ ದಾಟಿ, ರಸ್ತೆ ದಾಟಿ, ಜನರೊಳಗೆ ಸೇರಿಹೋದಳು.

ಮ್ಯಾನೇಜರ್ ಇನ್ನೂ ಬೋರ್ಡು ಒರೆಸಿಲ್ಲ. ನಾನೂ ಪೆನ್ನಿನ ಮುಚ್ಚಳ ಹಾಕಿಲ್ಲ.