ಮೂವತ್ತೇಳು ಗೋಲಿಗೆ ಬೆನ್ನು

ತಮ್ಮಣ್ಣ ಮಗ್ಗ ನಿಲ್ಲಿಸುವುದು ವರ್ಷಕ್ಕೆ ಎರಡೇ ಸಲ. ದೀಪಾವಳಿ ಪಾಡ್ಯಕ್ಕೊಮ್ಮೆ, ನಮ್ಮ ಹಾಕಿ ಸಂಘದ ವಾರ್ಷಿಕ ಸಭೆಗೊಮ್ಮೆ. ಹೋದ ಗುರುವಾರ ಮೂರನೆಯ ಸಲ ನಿಲ್ಲಿಸಿದ. ಎಂಟು ಪವರ್‌ಲೂಮ್ ಒಮ್ಮೆಲೇ ಸುಮ್ಮನಾದದ್ದು ಕೇಳಿ ವಡಗಾವಿಯ ಆ ಓಣಿಯ ಮಂದಿ ಯಾರಿಗೇನಾಯಿತೋ ಎಂದು ಬಾಗಿಲಿಗೆ ಬಂದು ನಿಂತರು. ಆಗಿದ್ದೇನೆಂದರೆ, ನಮ್ಮ ಪ್ರಮಿಳಾಗೆ ಪುಣೆಯಿಂದ ಕರಾರುಪತ್ರ ಬಂದಿತ್ತು.

ಹತ್ತೊಂಬತ್ತರ ಹುಡುಗಿ. ಖಾನಾಪುರದವಳು. ನಾಲ್ಕು ವರ್ಷದಿಂದ ನಮ್ಮ ವಡಗಾವಿ ಮಹಿಳಾ ಹಾಕಿ ಸಂಘದ ಪರವಾಗಿ ಆಡುತ್ತಾಳೆ. ಪುಣೆಯ ಒಂದು ದೊಡ್ಡ ಕಂಪನಿಯವರು ಮೂರು ವರ್ಷ ತಮ್ಮ ತಂಡದಲ್ಲಿ ಆಡು, ಆಮೇಲೆ ಕಾಯಂ ನೌಕರಿ ಎಂದು ಬರೆದಿದ್ದರು. ಒಂದೇ ಷರತ್ತು. ಸಂಘದಿಂದ ‘ನಮ್ಮ ಅಭ್ಯಂತರವಿಲ್ಲ’ ಎಂಬ ಪತ್ರ ಶುಕ್ರವಾರ ಸಂಜೆ ಐದರೊಳಗೆ ಅವರಿಗೆ ಮುಟ್ಟಬೇಕು. ಮುಟ್ಟದಿದ್ದರೆ ಆ ಜಾಗ ಇನ್ನೊಬ್ಬಳಿಗೆ. ಪತ್ರಕ್ಕೆ ಸಹಿ ಮಾಡಿ ಶಿಕ್ಕಾ ಒತ್ತಬೇಕಾದ ಸೆಕ್ರೆಟರಿ ನಾನು, ಅವಧೂತ. ಉದ್ಯಮಬಾಗದ ಫೌಂಡ್ರಿಯಲ್ಲಿ ಲೇಥ್ ಮೇಲೆ ನಿಂತು ಇಪ್ಪತ್ತಾರು ವರ್ಷವಾದ ಮನುಷ್ಯ.

ಆಕೆ ಹೋದರೆ ನಮಗೇನು ಉಳಿಯುತ್ತದೆ ಎಂಬುದೇ ಆ ಸಂಜೆ ತಮ್ಮಣ್ಣನ ಮಗ್ಗದ ಶೆಡ್ಡಿನಲ್ಲಿ ಸೇರಿದ ನಮ್ಮ ಹನ್ನೆರಡು ಮಂದಿಯ ಜಗಳ. ಶನಿವಾರದ ಕೊನೆಯ ಮ್ಯಾಚು ಗೆಲ್ಲದಿದ್ದರೆ ಜಿಲ್ಲಾ ಲೀಗಿನಲ್ಲಿ ನಾವು ಎರಡನೆಯ ದರ್ಜೆಗೆ ಇಳಿಯುತ್ತೇವೆ. ಗೆದ್ದರೂ, ಮುಂದಿನ ವರ್ಷ ಗೋಲು ಹೊಡೆಯುವವರು ಯಾರು? ಉಳಿದ ಹತ್ತು ಹುಡುಗಿಯರು ಓಡುತ್ತಾರೆ, ಬೀಳುತ್ತಾರೆ, ಪಾಪ, ಗೋಲು ಮಾತ್ರ ಆಗುವುದಿಲ್ಲ. ತಮ್ಮಣ್ಣ ಬಾಬಿನ್ ಬುಟ್ಟಿಯ ಮೇಲೆ ಕೂತು ಒಂದೇ ಮಾತು ಹಿಡಿದ. ಆಕೆಗೆ ಮೊದಲ ಸ್ಟಿಕ್ ಕೊಟ್ಟವರು ನಾವು, ಮೊದಲ ಬೂಟು ಕೊಟ್ಟವರು ನಾವು, ಇನ್ನೆರಡು ವರ್ಷ ಇಲ್ಲೇ ಆಡುತ್ತೇನೆ ಎಂದು ಆಕೆ ನಮಗೂ ಒಂದು ಕರಾರು ಬರೆದುಕೊಡಲಿ ಎಂದು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೃಷೀಕೇಶ ಪುಣೆಯ ಕರಾರನ್ನು ಮೊಬೈಲಿನಲ್ಲಿ ಓದಿ, ಆರು ತಿಂಗಳು ಗಾಯವಾಗಿ ಮಲಗಿದರೆ ಕರಾರು ರದ್ದು ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದನ್ನು ತೋರಿಸಿದ. ನೋಡಿದಿರಾ, ನೋಡಿದಿರಾ ಎಂದು ಎಲ್ಲರೂ ಎದ್ದು ನಿಂತೆವು. ನಮ್ಮ ಕರಾರಿನಲ್ಲಿ ಅಂಥ ಷರತ್ತು ಇರಲಿಲ್ಲ. ಇರುವುದು ಹೇಗೆ, ಅದರಲ್ಲಿ ಏನೂ ಇರಲಿಲ್ಲ.

ಅನಗೋಳ ನಾಕಾದ ಮೂಲೆಯಲ್ಲಿ ಮಿರ್ಚಿ ಭಜಿ ಕರಿಯುವ ಪದ್ಮವ್ವ ಮಾತ್ರ, ಹುಡುಗಿ ಹೋಗಲಿ ಎಂದಳು. ಕಾಲು ಗಟ್ಟಿ ಇರುವಾಗ ಹೋಗದೆ ಮುದುಕಿಯಾದ ಮೇಲೆ ಹೋಗುತ್ತಾಳೇನು ಎಂದು ಕೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. ನಾನು ಕೂತಲ್ಲಿ ಕೂರುವವನಲ್ಲ, ಮಗ್ಗಗಳ ಸಂದಿಯಲ್ಲಿ ಆಚೆಗೊಮ್ಮೆ ಈಚೆಗೊಮ್ಮೆ ತಿರುಗುತ್ತಿದ್ದವನು ನಿಂತುಬಿಟ್ಟೆ.

“ಪದ್ಮಕ್ಕಾ, ಆಕಿ ಗೋಲಿನ್ಯಾಗ ನನ್ನ ಪಾಲೂ ಐತಿ. ಹೆಂಗ ಬಿಡ್ಲಿ?”

ಯಾರೂ ನಗಲಿಲ್ಲ. ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು.

ಎದುರಾಳಿ ತನ್ನ ಗೋಲಿನ ಹತ್ತಿರ ತಪ್ಪು ಮಾಡಿದರೆ ನಮಗೆ ಪೆನಾಲ್ಟಿ ಕಾರ್ನರ್ ಸಿಗುತ್ತದೆ. ಕೊನೆಯ ಗೆರೆಯಿಂದ ಒಬ್ಬಳು ಚೆಂಡು ತಳ್ಳುತ್ತಾಳೆ, ಇನ್ನೊಬ್ಬಳು ತಡೆದು ನಿಲ್ಲಿಸುತ್ತಾಳೆ, ಪ್ರಮಿಳಾ ಅದನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಎಸೆಯುತ್ತಾಳೆ. ಆಕೆ ಬಂದ ಹೊಸತರಲ್ಲಿ, ಮೊದಲ ಕಾರ್ನರಿನ ಹೊತ್ತಿಗೆ ಸರಿಯಾಗಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತಿತು. ನಾನು ಬೆನ್ನು ತಿರುಗಿಸಿ ಬಗ್ಗಿದೆ. ಗೋಲಾಯಿತು. ಎರಡನೆಯದನ್ನು ಕಣ್ಣು ಬಿಟ್ಟು ನೋಡಿದೆ, ಚೆಂಡು ಕಂಬದ ಮೇಲಿಂದ ಹಾರಿಹೋಯಿತು. ಮೂರನೆಯದಕ್ಕೆ ತಮ್ಮಣ್ಣ ನನ್ನ ಭುಜ ಹಿಡಿದು ಗೋಡೆಗೆ ಮುಖ ಮಾಡಿಸಿದ. ಗೋಲು. ಅಂದಿನಿಂದ ಅದು ನಮ್ಮ ರೂಢಿ. ನಾವು ಅಭಿಮಾನಿಗಳು ನಿಲ್ಲುವುದು ಗೋಲಿನ ಹಿಂದೆ, ಕಂಪೌಂಡಿನ ಗೋಡೆಗೆ ಹೊಂದಿ. ಕಾರ್ನರ್ ಸಿಕ್ಕ ಕೂಡಲೇ ಎಲ್ಲರೂ “ಅವಧೂತಾ, ತಿರುಗು” ಎನ್ನುತ್ತಾರೆ. ನಾನು ತಿರುಗುತ್ತೇನೆ. ನಾಲ್ಕು ವರ್ಷದಲ್ಲಿ ಮೂವತ್ತೇಳು ಗೋಲು. ಒಂದನ್ನೂ ನಾನು ಕಂಡಿಲ್ಲ. ಚೆಂಡು ಗೋಲಿನೊಳಗಿನ ಹಲಗೆಗೆ ಬಡಿದ ಸದ್ದು ಕೇಳಿದ್ದೇನೆ, ಗೋಡೆಯ ಮೇಲಿನ ಬೋರ್‌ವೆಲ್ ಜಾಹೀರಾತಿನ ಫೋನ್ ನಂಬರು ಬಾಯಿಪಾಠವಾಗಿದೆ. ಮೈಕ್ರೋಮೀಟರ್ ಹಿಡಿದು ಅನ್ನ ತಿನ್ನುವ ಮನುಷ್ಯ ಇದನ್ನು ನಂಬಿದೆನೇ ಎಂದರೆ, ಹೌದು, ನಂಬಿದೆ. ಮೂವತ್ತೇಳು ಸಲ ಆದದ್ದನ್ನು ಹೇಗೆ ನಂಬದಿರಲಿ?

ಆಕೆಯನ್ನು ಹಿಡಿದಿಡಬೇಕೆಂದು ಹನ್ನೊಂದು ಕೈ ಮೇಲೆದ್ದವು, ಪದ್ಮವ್ವನದು ಏಳಲಿಲ್ಲ. ಬೆಳಗಾದರೆ ನಾನು ಖಾನಾಪುರಕ್ಕೆ ಹೋಗಿ ನಮ್ಮ ಕರಾರಿಗೆ ಆಕೆಯ ಸಹಿ ತರಬೇಕೆಂದು ಠರಾವಾಯಿತು. ಎದ್ದು ಹೋಗುವಾಗ ಪದ್ಮವ್ವ ಹೃಷೀಕೇಶನಿಗೆ ಅಭ್ಯಂತರವಿಲ್ಲ ಎಂಬ ಕಾಗದವನ್ನೂ ಬರೆದು ನನ್ನ ಚೀಲದಲ್ಲಿ ಹಾಕಲು ಹೇಳಿದಳು. ಹಾಕಿದರೆ ಏನಾಯಿತು, ಶಿಕ್ಕಾ ನನ್ನ ಕೈಯಲ್ಲಿದೆ ಎಂದುಕೊಂಡೆ.

ಶುಕ್ರವಾರ ಅರ್ಧ ದಿನದ ರಜೆ ಹಾಕಿ ಸ್ಕೂಟರ್ ತೆಗೆದೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಬಾಯಲ್ಲಿ ಉರು ಹೊಡೆಯುತ್ತಿದ್ದೆ. ಪಿರನವಾಡಿಯಲ್ಲಿ ಚಹಾಕ್ಕೆ ನಿಂತು ಅರ್ಧ ಕುಡಿದು ಎದ್ದೆ. ಮಚ್ಛೆ ದಾಟಿದ ಮೇಲೆ ಶಿಕ್ಕಾ ಮರೆತೆನೇ ಎಂದು ನಿಲ್ಲಿಸಿ ಡಿಕ್ಕಿ ತೆಗೆದು ನೋಡಿದೆ. ಇತ್ತು. ಮತ್ತೆ ಮೂರು ಕಿಲೋಮೀಟರಿಗೆ ಇನ್ನೊಮ್ಮೆ ನಿಲ್ಲಿಸಿದೆ. ಆಕೆ ಒಲ್ಲೆ ಎಂದರೆ ಏನು ಮಾಡುವುದು ಎಂಬುದೇ ತಲೆಯಲ್ಲಿ ಗುಂಗು. ಒಲ್ಲೆ ಎಂದರೂ ಐದು ಗಂಟೆಯವರೆಗೆ ಸುಮ್ಮನೆ ಕೂತರೆ ನನ್ನ ಕೆಲಸ ಆಗುತ್ತಿತ್ತು. ಆ ವಿಚಾರವೂ ಬಂತು, ಸುಳ್ಳು ಯಾಕೆ ಹೇಳಲಿ.

ಪ್ರಮಿಳಾಳ ತಂದೆ ಮಾಯಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿ ನೋಡಿಕೊಂಡು ಹತ್ತು ಮೈಲು ನಡೆಯುವ ನೌಕರಿ. ಅವನ ಅಪ್ಪನವರೆಗೂ ಕುರಿ ಕಾಯ್ದ ಮನೆತನ. ಖಾನಾಪುರ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಅವನ ಮನೆ. ಡ್ಯೂಟಿ ಮುಗಿಸಿ ಬಂದು ಕಿತ್ತಳೆ ಬಣ್ಣದ ಜಾಕೀಟಿನಲ್ಲೇ ಕೂತಿದ್ದ. ಬರ್ರಿ ಸಾಹೇಬ್ರ ಎಂದು ಎದ್ದು ಚಾಪೆ ಹಾಸಿದ. ಪ್ರಮಿಳಾ ಪಡಸಾಲೆಯಲ್ಲಿ ಸ್ಟಿಕ್ಕಿನ ಹಿಡಿಗೆ ಪಟ್ಟಿ ಸುತ್ತುತ್ತಿದ್ದಳು. ಚಹಾ ಬರುವ ಮೊದಲೇ ನಾನು ಉರು ಹೊಡೆದದ್ದೆಲ್ಲ ಒದರಿಬಿಟ್ಟೆ. ಸಂಘ, ಸ್ಟಿಕ್ಕು, ಬೂಟು, ಗಾಯದ ಷರತ್ತು, ಎರಡನೆಯ ದರ್ಜೆ. ನಮ್ಮ ಕರಾರು ತೆಗೆದು ಆಕೆಯ ಮುಂದಿಟ್ಟೆ. ಆಕೆ ಅದನ್ನು ಮುಟ್ಟಲಿಲ್ಲ.

“ಕಾಕಾ, ಒಂದ ಮಾತ ಕೇಳ್ತೀನಿ. ನಾ ಹೊಡಿಯೂಮುಂದ ನೀವ ಯಾಕ ಬೆನ್ನ ತಿರಗಸ್ತೀರಿ?”

ನಾನು ಹೆಮ್ಮೆಯಿಂದಲೇ ಹೇಳಿದೆ. ಚಪ್ಪಲಿಯ ಕತೆ, ಗೋಡೆಯ ಕತೆ, ಮೂವತ್ತೇಳರ ಲೆಕ್ಕ, ಎಲ್ಲಾ. ನಗುತ್ತಾಳೆ ಎಂದುಕೊಂಡಿದ್ದೆ. ಆಕೆ ಪಟ್ಟಿ ಸುತ್ತುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು.

“ಗೆರಿ ಮ್ಯಾಲೆ ನಿಂತು ತಲಿ ಎತ್ತಿದ್ರ ನನಗ ಮೊದಲ ಕಾಣೂದು ನಿಮ್ಮ ಬೆನ್ನ ಕಾಕಾ,” ಎಂದಳು. “ಎಲ್ಲಾರೂ ನೋಡಾಕತ್ತಿರ್ತಾರ, ಸೆಕ್ರೆಟರಿ ಒಬ್ರ ಗ್ವಾಡಿ ನೋಡ್ತಾರ. ಕುರಿ ಕಾಯೋರ ಮನಿ ಹುಡಗಿ ಆಟ ಇವರಿಗೆ ಸೇರೂದಿಲ್ಲ ಅಂತ ತಿಳ್ಕೊಂಡಿದ್ನಿ. ನಾಕ ವರ್ಷ.”

ಮೊದಲ ವರ್ಷ ಆಕೆ ಮನೆಗೆ ಬಂದು ಅತ್ತಿದ್ದಳಂತೆ. ಕೇಳಿಬಿಡಲೇ ಎಂದಿದ್ದಳಂತೆ. ದೊಡ್ಡವರು, ಅವರ ಮನಸ್ಸಿನಲ್ಲಿ ಏನಿದೆಯೋ, ನೀ ಹೊಡೆಯುವುದು ಹೊಡಿ ಎಂದು ಮಾಯಪ್ಪನೇ ಸುಮ್ಮನಿರಿಸಿದ್ದನಂತೆ. ಅದನ್ನು ಅವನು ಕೈಯಲ್ಲಿಯ ಕಪ್ಪು ನೋಡುತ್ತ ಹೇಳಿದ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆಕೆಯ ಗೋಲಿಗೆಲ್ಲ ನನ್ನ ಬೆನ್ನು ಆಸರೆ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಆಕೆ ಮೂವತ್ತೇಳು ಸಲವೂ ಅದೇ ಬೆನ್ನಿನ ಅವಮಾನ ನುಂಗಿ ಹೊಡೆದಿದ್ದಳು.

“ನಡೀರಿ, ನೋಡಬರ್ರಿ” ಎಂದು ಆಕೆ ಎದ್ದಳು.

ಮನೆಯ ಹಿಂದಿನ ಶಾಲೆಯ ಮೈದಾನ. ಕೆಂಪು ಮಣ್ಣು, ಎರಡು ಕಬ್ಬಿಣದ ಕಂಬದ ಗೋಲು, ಬಲೆಯಿಲ್ಲ. ಮಾಯಪ್ಪ ಅದೇ ಜಾಕೀಟಿನಲ್ಲಿ ಒಂದು ಹಳೆಯ ಸ್ಟಿಕ್ ಹಿಡಿದು ಕೊನೆಯ ಗೆರೆಗೆ ಹೋಗಿ ನಿಂತ. ದಿನಾ ಮುಂಜಾನೆ ಡ್ಯೂಟಿಗೆ ಮೊದಲು ಚೆಂಡು ತಳ್ಳಿಕೊಡುವವನು ಅವನೇ ಎಂದು ನನಗೆ ಆಗ ಗೊತ್ತಾಯಿತು. ನಾನು ಗೋಲಿನ ಹಿಂದೆ ನಿಂತೆ. ಮಾಯಪ್ಪ ಚೆಂಡು ತಳ್ಳಲು ಬಗ್ಗಿದ, ಮತ್ತು ನನ್ನ ಕಾಲು ತಾವೇ ತಿರುಗತೊಡಗಿದವು.

“ತಿರುಗಬ್ಯಾಡ್ರಿ,” ಎಂದಳು ಆಕೆ, ಅಲ್ಲಿಂದಲೇ.

ತಿರುಗಲಿಲ್ಲ. ಮೊದಲನೆಯದು ಕಂಬದ ಹೊರಗೆ ಹೋಯಿತು. ನೋಡು, ನನ್ನ ಕಣ್ಣೇ ಕೆಟ್ಟದ್ದು ಎಂದುಕೊಂಡೆ. ಆಕೆ ಅದರ ಕಡೆ ನೋಡಲೂ ಇಲ್ಲ, ಅಪ್ಪನಿಗೆ ಇನ್ನೊಂದು ತಳ್ಳು ಎಂದು ಕೈ ಮಾಡಿದಳು. ಎರಡನೆಯದು ಒಳಗೆ. ಮೂರನೆಯದು ಒಳಗೆ. ಆಕೆ ಉದ್ದ ಹೆಜ್ಜೆ ಹಾಕಿ ಬಂದು ಮಂಡಿ ನೆಲಕ್ಕೆ ತಾಗುವಂತೆ ಬಗ್ಗುತ್ತಾಳೆ, ಚೆಂಡು ಸ್ಟಿಕ್ಕಿಗೆ ಅಂಟಿದ ಹಾಗೆ ಎಳೆದುಕೊಂಡು ಬರುತ್ತದೆ, ಕೊನೆಗೆ ಮುಂಗೈ ಒಂದಿಷ್ಟು ತಿರುಗಿದರೆ ಅದು ಬಿಟ್ಟು ಹೋಗುತ್ತದೆ. ಇದನ್ನು ನಾನು ನಾಲ್ಕು ವರ್ಷ ನನ್ನ ಕೈಯಾರೆ ಕಳೆದುಕೊಂಡಿದ್ದೆ. ಹದಿನೈದು ಹೊಡೆದಳು, ಹನ್ನೊಂದು ಒಳಗೆ ಹೋದವು. ನನ್ನ ಬೆನ್ನಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅಪ್ಪನ ಕೈ, ಮಗಳ ಮುಂಗೈ, ಅಷ್ಟೇ. ನನಗೆ ಅಳು ಬಂತು, ಸೆಕೆ ಎಂದು ಮುಖ ಒರೆಸಿಕೊಂಡೆ.

ಮೂರೂವರೆಯಾಗಿತ್ತು. ಸ್ಕೂಟರಿನ ಸೀಟಿನ ಮೇಲೆ ಪದ್ಮವ್ವ ಹಾಕಿಸಿದ ಕಾಗದ ಇಟ್ಟು ಸಹಿ ಮಾಡಿ ಶಿಕ್ಕಾ ಒತ್ತಿದೆ. ಪ್ರಮಿಳಾ ಫೋಟೋ ತೆಗೆದು ಪುಣೆಗೆ ಕಳಿಸಿದಳು. ಗಾಯದ ಷರತ್ತಿನ ಬಗ್ಗೆ ಅವರೊಡನೆ ಮಾತಾಡು ಎಂದು ಹೇಳಿದೆ. ಆಗಲೇ ಎರಡು ಸಲ ಮಾತಾಡಿದ್ದೇನೆ, ಆರು ತಿಂಗಳಿದ್ದದ್ದನ್ನು ಒಂದು ವರ್ಷ ಅಂತ ತಿದ್ದಲು ಒಪ್ಪಿದ್ದಾರೆ ಎಂದಳು. ನಾವು ಹನ್ನೆರಡು ಮಂದಿ ಮಗ್ಗ ನಿಲ್ಲಿಸಿ ಕೂಗಾಡಿದ ವಿಷಯ ಅದು.

ವಾಪಸು ಬಂದು ತಮ್ಮಣ್ಣನಿಗೆ ಹೇಳಿದೆ. ಅವನು ಎದ್ದು ಹೋಗಿ ಎಂಟೂ ಮಗ್ಗ ಚಾಲೂ ಮಾಡಿದ. ನಾನು ಹೇಳುತ್ತಿದ್ದುದು ನನಗೇ ಕೇಳಿಸದಂತಾಯಿತು.

ಶನಿವಾರ ಮ್ಯಾಚು. ಮುಗಿಯಲು ಎರಡು ನಿಮಿಷ ಇದ್ದಾಗ ಎರಡೂ ತಂಡಕ್ಕೆ ಒಂದೊಂದು ಗೋಲು, ಸಮ. ಸಮವಾದರೆ ಸಾಲದು, ಗೆಲ್ಲಬೇಕು. ಆಗ ನಮಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಹಿಂದಿನ ಸಂಜೆಯಿಂದ ನನ್ನೊಡನೆ ಮಾತು ಬಿಟ್ಟಿದ್ದ ತಮ್ಮಣ್ಣ ಬಂದು ನನ್ನ ಭುಜ ಹಿಡಿದ.

“ಅವಧೂತಾ, ಇದೊಂದ ಸಲ. ನಿನ್ನ ಕಾಲ ಬೀಳ್ತೀನಿ, ತಿರುಗು.”

ಅವನ ಕಣ್ಣಲ್ಲಿ ನೀರಿತ್ತು. ತಂಡಕ್ಕಾಗಿ ಅವನು ಏನು ಮಾಡಿಲ್ಲ? ತಿರುಗಿದರೆ ಕಳೆದುಕೊಳ್ಳುವುದೇನು ಎಂದು ನನಗೂ ಅನಿಸಿತು. ಗೆರೆಯ ಮೇಲೆ ಪ್ರಮಿಳಾ ತಲೆ ಎತ್ತಿದಳು. ನಾನು ಆಕೆಗೆ ಮುಖ ಮಾಡಿಕೊಂಡೇ ನಿಂತೆ.

ಬಗ್ಗಿದಳು, ಎಳೆದಳು, ಬಿಟ್ಟಳು. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಎರಡು ನಿಮಿಷ ಕಳೆದು ಸೀಟಿ ಊದಿದರು. ನಾವು ಎರಡನೆಯ ದರ್ಜೆಗೆ ಇಳಿದೆವು.

ಆ ಸಂಜೆ ಯಾರೂ ನನ್ನ ಹತ್ತಿರ ನಿಲ್ಲಲಿಲ್ಲ. ಪದ್ಮವ್ವ ಮಾತ್ರ ಒಂದು ಭಜಿ ಕಾಗದದಲ್ಲಿ ಸುತ್ತಿ ಕೈಗಿಟ್ಟು ಹೋದಳು. ತಿರುಗಿದ್ದರೆ ಗೋಲಾಗುತ್ತಿತ್ತೇನೋ ಎಂದು ಈಗಲೂ ಲೇಥ್ ಮುಂದೆ ನಿಂತಾಗ ಅನಿಸುತ್ತದೆ. ಅಲ್ಲ ಎಂದು ಗೊತ್ತು, ಹನ್ನೊಂದನ್ನು ಕಣ್ಣಾರೆ ಕಂಡಿದ್ದೇನೆ, ಆದರೂ ಅನಿಸುತ್ತದೆ.

ಮೈದಾನ ಖಾಲಿಯಾದ ಮೇಲೆ ಪ್ರಮಿಳಾ ಸ್ಟಿಕ್ಕಿನ ಚೀಲ ಹೆಗಲಿಗೆ ಹಾಕಿಕೊಂಡು ಗೋಡೆಯ ಹತ್ತಿರ ಬಂದಳು. ಅತ್ತಿದ್ದಳು, ಕಣ್ಣು ಕೆಂಪಗಿದ್ದವು.

“ಒಳಗ ಹೋದ ಮೂವತ್ತೇಳ ಬಿಟ್ಟು, ತಪ್ಪಿದ್ದ ಒಂದ ನೋಡಿದ್ರೆಲ್ಲಾ ಕಾಕಾ.”

“ನೋಡೀನಿ ವಾ,” ಎಂದೆ. “ಪೂರಾ ನೋಡೀನಿ.”

ಆಕೆ ಬಗ್ಗಿ ನನ್ನ ಕಾಲು ಮುಟ್ಟಿ, ಖಾನಾಪುರದ ರೈಲಿಗೆ ಹೊತ್ತಾಯಿತು ಎಂದು ಹೊರಟಳು. ಗೇಟಿನ ಹತ್ತಿರ ಹೋಗಿ ಒಮ್ಮೆ ತಿರುಗಿ ನೋಡಿದಳು. ನಾನು ಆ ಕಡೆಗೇ ಮುಖ ಮಾಡಿ ನಿಂತಿದ್ದೆ.